ಜೀಪ್ ಕಂಡ್ರೆ ನೀರು

ಮೊದಲೇ ಹೇಳಿಬಿಡ್ತೀನಿ, ನಾವು ಯಾರಿಗೂ ಸುಳ್ಳು ಹೇಳಿಲ್ಲ. ನಮ್ಮ ಜೀಪನ್ನ ನಮ್ಮ ರಸ್ತೇಲಿ ಓಡಿಸಿದ್ವಿ, ಅಷ್ಟೇ. ಅದನ್ನ ನೋಡಿ ಯಾರೋ ಏನೋ ಅಂದ್ಕೊಂಡ್ರೆ ಅದಕ್ಕೆ ನಾವು ಹೊಣೇನಾ?

ನಮ್ಮನೇಲಿ ಎರಡು ಕಸುಬು. ಮುಂದಿನ ಕೋಣೇಲಿ ದೊಡ್ಡಪ್ಪನ ಡ್ರೈವಿಂಗ್ ಸ್ಕೂಲು, ಹಿತ್ತಲಲ್ಲಿ ದೊಡ್ಡಮ್ಮನ ಲಾಂಡ್ರಿ. ನಾನು ಎರಡಕ್ಕೂ ಆಳು. ಬೆಳಿಗ್ಗೆ ಬಟ್ಟೆ ಹಿಂಡೋದು, ಹತ್ತು ಗಂಟೆ ಮೇಲೆ ಜನಕ್ಕೆ ಕ್ಲಚ್ಚು ಕಲಿಸೋದು. ಬಟ್ಟೆ ಹಿಂಡೋದೇ ಸುಲಭ ಕಣ್ರೀ, ಬಟ್ಟೆ ಎದುರು ಮಾತಾಡಲ್ಲ.

ಲಾಂಡ್ರಿಗೆ ಬರೋದೆಲ್ಲ ಆಸ್ಪತ್ರೆ ಬಟ್ಟೆ. ಹಾಸಿಗೆ ಮೇಲಿನ ಬಿಳಿ ಶೀಟುಗಳು, ವಾರಕ್ಕೆ ಮುನ್ನೂರು. ದೊಡ್ಡಮ್ಮ ಒಗೆದ್ರೆ ಕಣ್ಣು ಕುಕ್ಕೋ ಬಿಳಿ. ಆದ್ರೆ ಹಿತ್ತಲ ಗೋಡೆಯಿಂದ ಇನ್ನೂರು ಹೆಜ್ಜೆ ಆಚೆ ಕಲ್ಲು ಪುಡಿ ಮಾಡೋ ಕ್ರಷರ್ ಇದೆಯಲ್ಲ, ಅದು ಶುರುವಾದ್ರೆ ಮುಗೀತು. ಹಗ್ಗದ ಮೇಲಿನ ಶೀಟಿಗೆ ಪೌಡರ್ ಹಾಕಿದ ಹಾಗೆ ಬೂದು ಧೂಳು. ನಮ್ಮ ಬೀದೀಲಿ ಎಲ್ಲರ ಹುಬ್ಬೂ ಬೆಳ್ಳಗೆ, ಇಪ್ಪತ್ತು ವರ್ಷದ ನಾನೂ ಮಧ್ಯಾಹ್ನಕ್ಕೆ ಅಜ್ಜಿ ಥರ ಕಾಣ್ತೀನಿ.

ಆಸ್ಪತ್ರೆ ಸ್ಟೋರ್ ಕೀಪರ್ ಅಂದ್ರೆ ದೊಡ್ಡಮ್ಮನಿಗೆ ಯಮ. ಶೀಟಿನ ಮಡಿಕೆ ಮೇಲೆ ಹೆಬ್ಬೆರಳು ಉಜ್ಜಿ, ಆ ಬೆರಳನ್ನ ಅವರ ಮೂಗಿನ ಹತ್ರ ಹಿಡೀತಾನೆ. "ಏನಮ್ಮಾ ಇದು, ಒಗೆದು ತಂದ್ರಾ, ಇಲ್ಲಾ ರಸ್ತೆ ಗುಡಿಸ್ಕೊಂಡು ತಂದ್ರಾ?" ಇನ್ನೊಂದು ಸಲ ಹೀಗಾದ್ರೆ ಪೇಟೆಯ ಮೆಷಿನ್ ಲಾಂಡ್ರಿಗೆ ಕೊಟ್ಟುಬಿಡ್ತೀನಿ ಅಂದಿದ್ದ. ಆಸ್ಪತ್ರೆ ಹೋದ್ರೆ ಲಾಂಡ್ರಿನೂ ಹೋಯ್ತು. ಹದಿನೆಂಟು ವರ್ಷ ದೊಡ್ಡಮ್ಮ ಕೈಯಾರೆ ಕಟ್ಟಿದ್ದು ಅದು.

ಕ್ರಷರ್‌ನಲ್ಲಿ ಧೂಳು ಕೂರಿಸೋಕೆ ನೀರಿನ ಪೈಪಿಲ್ವಾ ಅಂದ್ರೆ, ಇದೆ. ಜಲ್ಲಿ ಬೀಳೋ ಕಡೆಯೆಲ್ಲ ಸಣ್ಣ ತೂತಿನ ಪೈಪು ಹಾಕವ್ರೆ. ಆದ್ರೆ ನೀರು ಬಿಟ್ರೆ ಕಲ್ಲಿನ ಪುಡಿ ಒದ್ದೆಯಾಗಿ ಜರಡಿಗೆ ಮೆತ್ಕೊಳ್ಳತ್ತೆ, ಆಗ ಮೆಷಿನ್ ನಿಲ್ಸಿ ಜರಡಿ ಬಡೀಬೇಕು. ಯಾರಿಗೆ ಬೇಕು ಆ ಉಸಾಬರಿ? ಅದಕ್ಕೆ ನೀರು ಬಂದ್.

ಇಷ್ಟು ಗೊತ್ತಿದ್ರೆ ಸಾಕು, ಈಗ ಜೀಪಿಗೆ ಬರೋಣ.

ದೊಡ್ಡಪ್ಪ ಯಾವುದೋ ಸರ್ಕಾರಿ ಹರಾಜಲ್ಲಿ ಹಳೇ ಬಿಳಿ ಜೀಪು ಹಿಡ್ಕೊಂಡು ಬಂದ್ರು. ಒಂದು ದೀಪ ಹಳದಿ, ಒಂದು ಬಿಳಿ. ಮುಂದಿನ ಬಂಪರ್ ಏಟು ತಿಂದು ಮುನಿಸ್ಕೊಂಡವರ ತುಟಿ ಥರ ಜೋತುಬಿದ್ದಿತ್ತು. ಕಲಿಸೋರ ಕಡೆಗೊಂದು ಬ್ರೇಕ್ ಹಾಕ್ಸಿ, ಹಿಂದೆ ಸ್ಕೂಲಿನ ಬೋರ್ಡು ಕಟ್ಟಿ, "ಮುಂದಿನ ವಾರ ಕೆಂಪು ಬಣ್ಣ ಹೊಡ್ಸೋಣ" ಅಂದ್ರು.

ಮೊದಲ ದಿನ ಅದನ್ನ ಹತ್ತಿದ್ದು ನಮ್ಮ ಬೀದಿ ಟೈಲರ್ ಮಾಮ. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಕಾಲು ಅವ್ರದ್ದು. ಕ್ಲಚ್ಚನ್ನೂ ಹಾಗೇ ತುಳಿಯೋದು, ಟಕಟಕಟಕ ಅಂತ. ಜೀಪು ಕಪ್ಪೆ ಥರ ನೆಗೀತಾ ಕ್ರಷರ್ ಗೇಟಿನ ಕಡೆ ಹೋಯ್ತು.

ಗೇಟಲ್ಲಿ ವಾಚ್‌ಮನ್ ಮಾವ ಕುರ್ಚಿಯಲ್ಲಿ ಅರ್ಧ ಕಣ್ಣು ಮುಚ್ಚಿ ಕೂತಿದ್ದ. ಜೀಪು ನೋಡಿದ್ದೇ ತಡ, ಎದ್ದೆನೋ ಬಿದ್ದೆನೋ ಅಂತ ಎದ್ದು ಮೂರು ಸಲ ಸೀಟಿ ಊದ್ದ. ಒಳಗಿಂದ ಯಾರೋ "ನೀರು! ನೀರು!" ಅಂತ ಕಿರುಚಿದ್ರು. ಪಂಪು ಗುರ್ ಅಂತು, ಪೈಪುಗಳೆಲ್ಲ ಚಿಮ್ಮಿದ್ವು, ಧೂಳು ತೆಪ್ಪಗೆ ಕೂತ್ಬಿಡ್ತು. ವಾಚ್‌ಮನ್ ಮಾವ ನಮ್ಮ ಜೀಪಿಗೊಂದು ಸೆಲ್ಯೂಟ್ ಹೊಡೆದ.

"ನನಗೆ ಯಾಕಮ್ಮಾ ಸೆಲ್ಯೂಟು?" ಅಂದ್ರು ಟೈಲರ್ ಮಾಮ. "ಅವನ ಪ್ಯಾಂಟ್ ಹೊಲ್ದು ಕೊಟ್ಟಿದ್ದು ಬಿಗಿಯಾಯ್ತು ಅಂತ ಹೋದ ವಾರ ಬೈದಿದ್ದ."

ನನಗೆ ಆಗ್ಲೇ ತಲೇಲಿ ದೀಪ ಹತ್ಕೊಂಡಿತ್ತು. ಮನೆಗೆ ಬಂದು ಜೀಪಿನ ಬಾಗಿಲು ಒರೆಸಿ ನೋಡಿದ್ರೆ, ಕೆರೆದು ಹಾಕಿದ ಅಕ್ಷರದ ಗುರುತು ಇನ್ನೂ ಇದೆ. ಗಾಳಿ-ಧೂಳು ತಪಾಸಣೆ ಇಲಾಖೆ! ಕ್ರಷರ್ ನೋಡೋಕೆ ಬರ್ತಿದ್ದ ಹಳೇ ಸಾಹೇಬರ ಜೀಪೇ ನಮ್ಮನೆಗೆ ಬಂದಿತ್ತು. ಅವರು ರಿಟೈರ್ ಆದ್ರು, ಜೀಪು ಹರಾಜಾಯ್ತು, ಆ ಸುದ್ದಿ ಗೇಟಿಗೆ ಮಾತ್ರ ಮುಟ್ಟಿರ್ಲಿಲ್ಲ.

ಆವತ್ತು ಶೀಟುಗಳು ಎಷ್ಟು ಬೆಳ್ಳಗಿದ್ವು ಅಂದ್ರೆ ದೊಡ್ಡಮ್ಮ ಅವನ್ನ ಎರಡು ಸಲ ಮುಟ್ಟಿ ನೋಡಿದ್ರು. ನಾನು ವಿಷಯ ಹೇಳ್ದೆ. ಅವರು ನೇರ ಮುಂದಿನ ಕೋಣೆಗೆ ಹೋದ್ರು.

"ರೀ, ಆ ಜೀಪಿಗೆ ಬಣ್ಣ ಹೊಡೆಸಿದ್ರೆ ನಿಮಗೂ ಬಣ್ಣ ಹೊಡೀತೀನಿ."

"ಅಲ್ಲ ಕಣೇ, ಇದು ತಪ್ಪಲ್ವಾ?"

"ಸರ್ಕಾರಿ ರಸ್ತೆ, ನಮ್ಮ ಗಾಡಿ. ಯಾವ ತಪ್ಪು? ಕಳ್ಳನ ಮನಸ್ಸು ಹುಳ್ಳಗೆ ಇದ್ರೆ ನಾನೇನು ಮಾಡ್ಲಿ?"

ಮಾರನೇ ದಿನದಿಂದ ಡ್ರೈವಿಂಗ್ ಸ್ಕೂಲಿನ ಟೈಮ್ ಟೇಬಲ್ ದೊಡ್ಡಮ್ಮನ ಕೈಗೆ ಹೋಯ್ತು. ಬಟ್ಟೆ ಹಗ್ಗಕ್ಕೆ ಹಾಕಿದ ತಕ್ಷಣ ಒಂದು ರೌಂಡು. ಅರ್ಧ ಒಣಗಿದಾಗ ಒಂದು, ಮಡಚೋ ಮುಂಚೆ ಒಂದು. "ಟೈಲರ್ ಅಣ್ಣಾ, ಶೀಟು ಹರವಿದೀನಿ, ಹೊರಡಿ!" ಅಂತ ಹಿತ್ತಲಿಂದ ಕೂಗೋರು. ನಾವು ಒಳಗೆ ಹೋಗದೆ ಹಾಗೇ ಮುಂದೆ ಹೋಗ್ತಿದ್ದಿದ್ದು ಕ್ರಷರ್‌ನವರಿಗೆ ಇನ್ನೂ ಭಯ. ಸಾಹೇಬ್ರು ಎಲ್ಲೋ ಮರೇಲಿ ನಿಂತು ನೋಡ್ತಾವ್ರೆ ಅಂತ ಅರ್ಧರ್ಧ ಗಂಟೆ ನೀರು ನಿಲ್ಸ್ತಿರ್ಲಿಲ್ಲ. ಧೂಳು ಹಿಡಿದ ಗಾಜಲ್ಲಿ ನಮ್ಮ ಮುಖ ಕಾಣ್ತಿರ್ಲಿಲ್ಲ, ಜೀಪು ಬೆನ್ನು ತೋರಿಸೋಷ್ಟರಲ್ಲಿ ವಾಚ್‌ಮನ್ ಮಾವ ಪೈಪು ನೋಡೋಕೆ ಒಳಗೆ ಓಡಿರ್ತಿದ್ದ. ಮೂರು ವಾರ ಕಣ್ರೀ! ಬೀದಿಯವರೆಲ್ಲ ಕಿಟಕಿ ತೆಗೆದ್ರು. ನಮ್ಮ ಪಕ್ಕದ ಮನೆ ಅಕ್ಕ ತನ್ನ ಬಾಗಿಲು ಹಸಿರು ಅನ್ನೋದನ್ನೇ ಮರೆತುಬಿಟ್ಟಿದ್ದಳಂತೆ.

ಕೆಡಿಸಿದ್ದು ಆ ಹೊಲಿಗೆ ಕಾಲೇ. ಒಂದು ದಿನ ಟೈಲರ್ ಮಾಮ ಸರಿಯಾಗಿ ಗೇಟಿನ ಮುಂದೆ ಟಕಟಕಟಕ ಮಾಡಿ, ಗಾಬರಿಗೆ ಸ್ಟೀರಿಂಗ್ ತಿರುಗಿಸಿ, ಜೀಪನ್ನ ಅಡ್ಡ ನಿಲ್ಸಿ ಬಂದ್ ಮಾಡಿಬಿಟ್ರು. ಜೀಪಿನ ಹಿಂಭಾಗ ಗೇಟಿಗೆ. ವಾಚ್‌ಮನ್ ಮಾವ ಸೆಲ್ಯೂಟ್ ಹೊಡೆದ ಕೈ ಹಾಗೇ ಹಣೆ ಮೇಲಿಟ್ಕೊಂಡು ಬೋರ್ಡು ಓದಿದ. "ಇಲ್ಲಿ... ಚೆನ್ನಾಗಿ... ಡ್ರೈವಿಂಗ್... ಕಲಿಸಲಾಗುವುದು." ಕೆಳಗಿದ್ದ ಫೋನ್ ನಂಬರನ್ನೂ ಓದಿದ.

ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕ. "ಎಲಾ ಇವಳಾ! ಇಷ್ಟು ದಿನ ನಾನು ಸೆಲ್ಯೂಟ್ ಹೊಡೆದಿದ್ದು ಈ ಟೈಲರ್‌ಗಾ? ಇನ್ಮೇಲೆ ನಿಮ್ಮ ಜೀಪು ಬಂದ್ರೆ ಕುರ್ಚಿಯಿಂದ ಏಳೋದೂ ಇಲ್ಲ ಹೋಗು!"

ನೀರು ನಿಂತ್ಹೋಯ್ತು. ಮೂರು ವಾರದ ಬಾಕಿ ಕೆಲಸ ಎಳೀಬೇಕಲ್ಲ, ಕ್ರಷರ್ ಡಬಲ್ ಓಡ್ತು, ಧೂಳೂ ಡಬಲ್. ಎರಡೇ ದಿನಕ್ಕೆ ಆಸ್ಪತ್ರೆಯಿಂದ ನಲವತ್ತು ಶೀಟು ವಾಪಸ್ ಬಂತು, ಜೊತೆಗೊಂದು ಚೀಟಿ: 'ಮುಂದಿನ ಶನಿವಾರ ನಾನೇ ಬಂದು ನೋಡ್ತೀನಿ. ಅದೇ ಕೊನೆ.'

ದೊಡ್ಡಮ್ಮ ಬೈಲಿಲ್ಲ. ಅದೇ ಭಯ ಆಗಿದ್ದು ನನಗೆ. ಕೂತು ಆ ನಲವತ್ತನ್ನೂ ಮತ್ತೆ ನೆನೆ ಹಾಕಿದ್ರು. ನನ್ನ ಮುಖ ನೋಡಿ, "ನೀನು ಪೂರ್ತಿಯಾಗಿ ಡ್ರೈವಿಂಗ್ ಕಲ್ಸೋಕೇ ನಿಂತ್ಕೋ ಮಗಾ, ಇದು ಇನ್ನು ನಡಿಯಲ್ಲ" ಅಂದ್ರು. ನಾನು ಇನ್ನೊಂದು ಬಕೆಟ್ ನೀರು ತಂದಿಟ್ಟೆ.

ಮಂಗಳವಾರ ಬೆಳಿಗ್ಗೆ ಮುಂದಿನ ಕೋಣೆಗೆ ಒಬ್ಬರು ಮೇಡಂ ಬಂದ್ರು. ಉದ್ದ ಜಡೆ, ದೊಡ್ಡ ಬ್ಯಾಗು, ಮುಖದಲ್ಲಿ ಅವಮಾನ. "ನೋಡಮ್ಮಾ, ಆಫೀಸಲ್ಲಿ ನನಗೆ ಹೊಸ ಗಾಡಿ ಕೊಟ್ಟವ್ರೆ, ಡ್ರೈವರ್ ಕೊಟ್ಟಿಲ್ಲ. ಬೇಗ ಕಲಿಸ್ತೀರಾ?"

ಫಾರಂ ತುಂಬ್ತಾ ಇದ್ದೆ. "ಕೆಲಸ ಎಲ್ಲಿ ಮೇಡಂ?"

"ಗಾಳಿ-ಧೂಳು ತಪಾಸಣೆ. ಚಾರ್ಜ್ ತಗೊಂಡು ಮೂರು ದಿನ ಆಯ್ತು, ಇನ್ನೂ ಎಲ್ಲಿಗೂ ಹೋಗೋಕೆ ಆಗಿಲ್ಲ."

ನನ್ನ ಪೆನ್ನು ಕೈಯಿಂದ ಬಿತ್ತು. ದೊಡ್ಡಪ್ಪ ಟೇಬಲ್ ಕೆಳಗೆ ನನ್ನ ಕಾಲು ತುಳಿದ್ರು. ನಾನೂ ತುಳಿದೆ. ಕ್ರಷರ್‌ನವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋ ಜನ!

"ಈಗ್ಲೇ ಮೊದಲ ಪಾಠ ಮೇಡಂ," ಅಂದೆ. "ಬನ್ನಿ ಬನ್ನಿ."

ಮೇಡಂ ಟೈಲರ್ ಮಾಮನಿಗಿಂತ ಎಷ್ಟೋ ವಾಸಿ, ಆದ್ರೆ ಬೇಕಾದ್ರೆ ಆಮೆನೂ ಅವರನ್ನ ಹಿಂದಿಕ್ಕಬಹುದಿತ್ತು. "ಈ ರಸ್ತೇನೇ ಯಾಕೆ?" ಅಂದ್ರು. "ಎಡಕ್ಕೆ ತಿರುಗೋದು ಚೆನ್ನಾಗಿ ಕಲೀಬಹುದು ಮೇಡಂ." "ಇಲ್ಲಿ ಎಡಕ್ಕೆ ರಸ್ತೆನೇ ಇಲ್ವಲ್ಲ!" "ಮುಂದೆ ಗೇಟಿದೆ ಮೇಡಂ."

ಗೇಟಿಗೆ ಬರೋ ಹೊತ್ತಿಗೆ ಗಾಜಿನ ಮೇಲೆ ಧೂಳು ಪದರ. ಮೇಡಂ ವೈಪರ್ ಯಾವುದು ಅಂತ ಕೇಳಿದ್ರು, ನಾನು ಹಾರ್ನ್ ತೋರಿಸ್ದೆ. ಬೇಕಂತ ಅಲ್ಲ. ಸರಿ, ಬೇಕಂತಲೇ.

ಹಾರ್ನ್ ಕೇಳಿ ವಾಚ್‌ಮನ್ ಮಾವ ಕುರ್ಚಿಯಿಂದ ಏಳ್ಲೇ ಇಲ್ಲ. ಕಾಲ ಮೇಲೆ ಕಾಲು ಹಾಕ್ಕೊಂಡು, ಎಡಗೈಯಲ್ಲಿ ಸೆಲ್ಯೂಟ್ ಹೊಡೆದು ಗೇಟು ಪೂರ್ತಿ ತೆಗೆಸ್ದ. "ಬನ್ನಿ ಸಾಹೇಬ್ರೇ, ಬನ್ನಿ! ಧೂಳು ನೋಡೋಕೆ ಬಂದ್ರಾ? ಇವತ್ತು ಭರ್ಜರಿ ಇದೆ, ನೀರು ಬಿಟ್ಟು ಒಂಬತ್ತು ದಿನ ಆಯ್ತು!"

"ಹೌದಾ?" ಅಂದ್ರು ಮೇಡಂ. ಗಾಡಿ ನಿಲ್ಸಿದ್ರು, ಅದೂ ಒಂದೇ ಸಲಕ್ಕೆ, ಒಂದು ಜರ್ಕೂ ಇಲ್ಲದೆ. ಬ್ಯಾಗಿಂದ ಗುರುತಿನ ಚೀಟಿ ತೆಗೆದು ಕಿಟಕಿಯಿಂದ ಆಚೆ ಹಿಡಿದ್ರು.

ವಾಚ್‌ಮನ್ ಮಾವ ಚೀಟಿ ನೋಡ್ದ, ನನ್ನ ನೋಡ್ದ, ಮತ್ತೆ ಚೀಟಿ ನೋಡ್ದ. ಕೈ ಸೀಟಿ ಹುಡುಕ್ತು. ಬಾಯಿಗಿಟ್ಟು ಊದಿದ್ರೆ ಬರೀ ಫುಸ್ ಅಂತು. ಒಂಬತ್ತು ದಿನದ ಧೂಳು ಅದರೊಳಗೂ ಹೊಕ್ಕಿತ್ತು.

ಮೇಡಂ ಒಳಗೆ ನಡ್ಕೊಂಡೇ ಹೋದ್ರು. ಪೈಪಿನ ತೂತಿಗೆ ಕಿರುಬೆರಳು ಒತ್ತಿ ನೋಡಿದ್ರು, ಕಲ್ಲಿನ ಪುಡಿ ಕಟ್ಕೊಂಡು ಒಣಗಿ ಗಟ್ಟಿಯಾಗಿತ್ತು. ಮ್ಯಾನೇಜರ್ ಓಡಿ ಬಂದು, "ಮೇಡಂ, ಇವತ್ತೊಂದು ದಿನ ಕೆಟ್ಟಿದೆ" ಅಂದ. "ನಿಮ್ಮ ಗೇಟಿನವರು ಒಂಬತ್ತು ದಿನ ಅಂದ್ರಲ್ಲ!" ಅಂದ್ರು ಮೇಡಂ. ಆತ ಗೇಟಿನ ಕಡೆ ನೋಡಿದ ನೋಟ ಇದೆಯಲ್ಲ, ಅದರಲ್ಲೇ ಕಲ್ಲು ಪುಡಿ ಆಗ್ಬೇಕಿತ್ತು.

ಅಲ್ಲೇ ನಿಂತು ಆರ್ಡರ್ ಬರೆದ್ರು. ನೀರು ಸರಿಯಾಗೋ ತನಕ ಒಂದು ಕಲ್ಲೂ ಒಡೆಯೋ ಹಾಗಿಲ್ಲ. ಕಲ್ಲು ಸಾಗಿಸೋ ಬೆಲ್ಟಿಗೂ ಜರಡಿಗೂ ತಗಡಿನ ಹೊದಿಕೆ, ಲಾರಿಗಳಿಗೆ ಟಾರ್ಪಾಲು. "ಜರಡಿ ಮೆತ್ಕೊಳ್ಳತ್ತೆ ಮೇಡಂ" ಅಂತ ಮ್ಯಾನೇಜರ್ ಗೋಳಾಡಿದ್ದಕ್ಕೆ, "ಪೈಪಲ್ಲಿ ಸುರೀಬೇಡಿ, ಮಂಜಿನ ಥರ ಸಣ್ಣಗೆ ಬಿಡಿ, ಪುಡಿ ಒದ್ದೆ ಆಗಲ್ಲ, ಧೂಳು ಮಾತ್ರ ಕೂರತ್ತೆ. ಪೈಪಿನ ತುದಿಗೆ ಹಾಕೋ ಅಂಥ ನಾಜಲ್ ಸಿಗತ್ತೆ, ತಂದು ಹಾಕಿ" ಅಂದ್ರು. ಧೂಳು ಅಳೆಯೋ ಮೆಷಿನ್ ಇಡೋಕೆ ಜಾಗ ಬೇಕು ಅಂದಾಗ ನಾನು ಕೈ ಎತ್ತಿದೆ. ಅದು ನಮ್ಮ ತಾರಸಿ ಮೇಲೆ ಕೂತ್ಕೊಳ್ತು.

ಮೂರು ದಿನ ಕ್ರಷರ್ ಬಂದ್. ಶುಕ್ರವಾರ ಸಂಜೆ ತಗಡು ಬಡಿಯೋದು ಮುಗಿದು, ಶನಿವಾರ ಬೆಳಿಗ್ಗೆ ಮೆಷಿನ್ ಮತ್ತೆ ಶುರುವಾಯ್ತು. ದೊಡ್ಡಮ್ಮ ಅದು ಗುಡುಗೋಕೆ ಶುರುವಾದ ಮೇಲೇ ಶೀಟು ಹಾಕಿದ್ರು, ಹಟಕ್ಕೆ.

ಎರಡು ಗಂಟೆಗೆ ಸ್ಟೋರ್ ಕೀಪರ್ ಬಂದ. ಬಂದವನೇ ಹೆಬ್ಬೆರಳು ಉಜ್ಜಿದ. ಬೆರಳು ನೋಡ್ಕೊಂಡ. ಇನ್ನೊಂದು ಶೀಟು ಉಜ್ಜಿದ. ಕನ್ನಡಕ ಹಾಕ್ಕೊಂಡು ಮೂರನೇದು ಉಜ್ಜಿದ. ಗೋಡೆ ಆಚೆ ಕ್ರಷರ್ ಗಡಗಡ ಅಂತಾನೇ ಇತ್ತು.

"ಇದು... ನಮ್ಮ ಶೀಟೇನಾ?" ಅಂದ.

"ಮೂಲೇಲಿ ನಿಮ್ಮ ಆಸ್ಪತ್ರೆ ಮುದ್ರೆ ಇದೆ ನೋಡಿ," ಅಂದ್ರು ದೊಡ್ಡಮ್ಮ. "ಇಷ್ಟು ದಿನ ನಿಮಗೆ ಕಾಣಿಸ್ತಿರ್ಲಿಲ್ಲ ಅಷ್ಟೇ."

ಆತ ಗೊಣಗಿದ. ಬೈಯೋಕೆ ಬಂದವನಿಗೆ ಬೈಗುಳ ಬಾಯಲ್ಲೇ ಉಳೀತಲ್ಲ, ಪಾಪ. ಹೋಗ್ತಾ ಬಾಗಿಲಲ್ಲಿ ನಿಂತು, "ಸೋಮವಾರದಿಂದ ಡಾಕ್ಟರ್‌ಗಳ ಕೋಟೂ ಕಳಿಸ್ತೀನಿ. ಇಸ್ತ್ರಿ ಗರಿಗರಿಯಾಗಿರ್ಬೇಕು" ಅಂದ.

ನಾನು ಕುಣಿಯೋಕೆ ಶುರು ಮಾಡಿದೆ. ದೊಡ್ಡಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡು ಗದರಿದ್ರು. "ಏನೇ ಹಲ್ಲು ಕಿರೀತಾ ನಿಂತಿದೀಯ? ಇನ್ನೂರ ಎಂಬತ್ತು ಶೀಟಿದೆ. ಆ ಕಡೆ ತುದಿ ಹಿಡ್ಕೋ."