ಅಂಗುಲಕ್ಕೆ ಹನ್ನೆರಡು ಹೊಲಿಗೆ

ಬೀದಿಯವರ ಬಾಯಲ್ಲಿ ಅವನು ನಾಳೆ ಟೈಲರ್. ಅಂಗಡಿಯ ಬೋರ್ಡಿನಲ್ಲಿ ಬೇರೆ ಹೆಸರಿತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ಯಾವತ್ತು ಹೋಗಿ ಕೇಳಿದರೂ ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ತಲೆಯನ್ನೂ ಎತ್ತದೆ, "ನಾಳೆ ಬನ್ನಿ" ಅನ್ನುತ್ತಿದ್ದ. ಜನ ಶಾಪ ಹಾಕುತ್ತಲೇ ನಾಳೆಯೂ ಬರುತ್ತಿದ್ದರು, ನಾಡಿದ್ದೂ ಬರುತ್ತಿದ್ದರು. ಯಾಕೆಂದರೆ ಅವನು ಹೊಲಿದ ಪ್ಯಾಂಟಿನ ಬಟ್ಟೆ ಸವೆದು ಜಾಳಾದರೂ ಹೊಲಿಗೆ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಇನ್ನು ಮನೆಯವರ ಬಟ್ಟೆಯ ಮಾತೆತ್ತದಿರುವುದೇ ಒಳ್ಳೆಯದು. ದೀಪದ ಬುಡದಲ್ಲೇ ಕತ್ತಲು. ಹೆಂಡತಿಯ ರೇನ್‌ಕೋಟು ಹೆಗಲ ಹತ್ತಿರ ಹೊಲಿಗೆ ಬಿಟ್ಟು ಎರಡು ಮಳೆಗಾಲ ಕಳೆದಿತ್ತು. ಅಂದಿನಿಂದ ಅದು ಅಂಗಡಿಯ ಹಿಂದಿನ ಗೋಡೆಯ ಮೊಳೆಗೆ ನೇತುಬಿದ್ದು, ಗಿರಾಕಿಗಳ ಬಟ್ಟೆ ಬಂದು ಹೋಗುವುದನ್ನು ನೋಡುತ್ತಿತ್ತು. ಅವಳು ಕೊರಿಯರ್ ಕಂಪನಿಯಲ್ಲಿ ಮೋಟರ್‌ಸೈಕಲ್ ಮೇಲೆ ಪಾರ್ಸೆಲ್ ಹಂಚುವವಳು. ಮಳೆ ಬಂದ ದಿನ ಪಾರ್ಸೆಲ್ ಸುತ್ತುವ ಪ್ಲಾಸ್ಟಿಕ್ಕನ್ನೇ ಹೆಗಲಿಗೆ ಹೊದ್ದು ಹೋಗುತ್ತಿದ್ದಳು. ಮೊದಮೊದಲು "ಆಯ್ತೇನ್ರೀ?" ಎಂದು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಕೇಳುವುದನ್ನು ಬಿಟ್ಟ ಹೆಂಡತಿ ಕೇಳುವ ಹೆಂಡತಿಗಿಂತ ಅಪಾಯ ಎಂಬುದು ಅವನಿಗೆ ಹೊಳೆಯಲು ಬಹಳ ದಿನ ಬೇಕಾಯಿತು.

ಅವಳ ಆಫೀಸಿನಲ್ಲಿ ಆರು ಜನರ ಒಂದು ಗ್ಯಾಂಗು ಇತ್ತು. ವರ್ಷಕ್ಕೊಮ್ಮೆ ನಾಲ್ಕು ದಿನ ರಜೆ ಹಾಕಿ, ಬೈಕಿಗೆ ಟೆಂಟು ಬಿಗಿದುಕೊಂಡು ಎಲ್ಲಾದರೂ ಹೋಗಿ ಬರುತ್ತಿದ್ದರು. ಏಳು ವರ್ಷದಿಂದ ಅವಳನ್ನು ಕರೆಯುತ್ತಿದ್ದರು. ಏಳು ವರ್ಷವೂ ಅವಳು "ಮನೇಲಿ ಅವರೊಬ್ಬರೇ ಆಗ್ತಾರೆ" ಎಂದು ಒಲ್ಲೆ ಅಂದಿದ್ದಳು. ಎಂಟನೇ ವರ್ಷ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದಳು.

"ಈ ಸಲ ನಾವಿಬ್ರೇ ಹೋಗೋಣ. ಟೆಂಟು ನೀವು ತನ್ನಿ. ಬಟ್ಟೆ ವಿಷಯ ತಾನೇ, ನಿಮಗೇ ಚೆನ್ನಾಗಿ ಗೊತ್ತು."

"ತರೋಣ."

"ಗುರುವಾರ ಹೊರಡೋದು. ಟೆಂಟು ಬುಧವಾರ ರೆಡಿ ಇರ್ಬೇಕು. ಸರಿಹೋದ್ರೆ ವರ್ಷಾ ವರ್ಷಾ ಇಬ್ರೂ ಹೋಗೋಣ. ಸರಿಹೋಗ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ನಾನು ಗ್ಯಾಂಗ್ ಜೊತೆ ಹೋಗ್ತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

ಅವಳು ಜಗಳದ ದನಿಯಲ್ಲಿ ಹೇಳಿರಲಿಲ್ಲ, ಅದೇ ಅವನ ಎದೆಗೆ ನಾಟಿತು. ಅವನಿಗೆ ಬೈಕು ಓಡಿಸಲು ಬರುತ್ತಿರಲಿಲ್ಲ. ಒಮ್ಮೆ ಕಲಿಯಲು ಹೋಗಿ ಚರಂಡಿಯ ಆಳ ಅಳೆದು ಬಂದಿದ್ದ. ಅಲ್ಲಿಂದೀಚೆಗೆ ಹಿಂದಿನ ಸೀಟೇ ಅವನ ಜಾಗ. ಭಾನುವಾರ ಅವಳ ಬೆನ್ನ ಹಿಂದೆ ಕೂತು ಮಾರ್ಕೆಟ್ಟಿಗೆ ಹೋಗುವಾಗ ಗಾಳಿಯಲ್ಲಿ ಅರ್ಧಂಬರ್ಧ ಕೇಳಿಸುವ ಅವಳ ಬೈಗುಳವೆಂದರೆ ಅವನಿಗೆ ಪ್ರಾಣ. ಆ ಸೀಟು ಕೈತಪ್ಪುವುದನ್ನು ನೆನೆದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಮರುದಿನ ಅವನು ಅಂಗಡಿಯ ಬಾಗಿಲು ಎಳೆದು ಟೆಂಟಿನ ಅಂಗಡಿಗೆ ಹೋದ. ಅದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಹಾಲಿನಲ್ಲಿ ಟೆಂಟುಗಳನ್ನು ನಿಲ್ಲಿಸಿ ಪ್ರತಿಯೊಂದರ ಬಾಗಿಲಿಗೂ ಬೆಲೆಯ ಚೀಟಿ ಅಂಟಿಸಿದ್ದರು. ಸೇಲ್ಸ್‌ಮನ್ ಮೊದಲು ಎಲ್ಲಕ್ಕಿಂತ ಅಗ್ಗದ್ದನ್ನು ತೋರಿಸಿದ. ಮಡಿಸಿದರೆ ಮೂರು ಅಡಿ ಉದ್ದ.

"ಕಾರಿಗಾದ್ರೆ ಇದು," ಅಂದ ಟೈಲರ್, ಟೇಪು ಹಿಡಿದು. "ನಮ್ಮದು ಬೈಕು. ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿದ್ರೆ ಎರಡೂ ಕಡೆ ಹೋಗೋರನ್ನ ಹೊಡ್ಕೊಂಡು ಹೋಗುತ್ತೆ. ಒಂದೂವರೆ ಅಡಿ ಮೀರಬಾರ್ದು ಅಂತ ನಮ್ಮನೆಯವಳು ಹೇಳಿದ್ದಾಳೆ."

ಎರಡನೆಯದು ಒಂದು ಕೈಚೀಲದಷ್ಟು ಪುಟ್ಟದು, ಕಿರುಬೆರಳಲ್ಲಿ ನೇತುಹಾಕಿಕೊಳ್ಳಬಹುದು. ಬೆಲೆ ಕೇಳಿ ಅವನು ಅದನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಡುವಂತೆ, ವಾಪಸು ಇಟ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಟೆಂಟಿನ ವಿಷಯದಲ್ಲಿ ಅದು ಎರಡು ರೀತಿಯಲ್ಲೂ ನಿಜ.

ಮೂರನೆಯದರ ಚೀಟಿಯಲ್ಲಿ 'ಇಬ್ಬರಿಗೆ' ಎಂದಿತ್ತು. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಂಗಾತ ಮಲಗಿದ. ಒಂದು ನಿಮಿಷ ಯೋಚಿಸಿ ಸೇಲ್ಸ್‌ಮನ್ನನ್ನೂ ಕರೆದ. ಆ ಸೇಲ್ಸ್‌ಮನ್ ಇಪ್ಪತ್ತು ವರ್ಷದ ಅನುಭವಸ್ಥ, ಕಮಕ್ ಕಿಮಕ್ ಅನ್ನದೆ ಬಂದು ಪಕ್ಕದಲ್ಲಿ ಮಲಗಿದ. ಇಬ್ಬರೂ ಟೆಂಟಿನ ಚಾವಣಿ ನೋಡಿದರು.

"ನಿಮ್ಮ ಮೊಣಕೈ ನನಗೆ ಚುಚ್ತಿದೆ," ಅಂದ ಟೈಲರ್.

"ನೋಡಿ ಸಾರ್, ಇಬ್ಬರಿಗೆ ಅಂತ ಬರೆದಿದ್ರೆ ಒಬ್ಬರಿಗೆ ಅಂತ ತಿಳ್ಕೊಳ್ಳಿ. ಇಲ್ಲಾ, ಹೊಸದಾಗಿ ಮದುವೆ ಆದೋರಿಗೆ."

"ನಮಗೆ ಇಪ್ಪತ್ತೆರಡು ವರ್ಷ ಆಯ್ತು."

"ಹಾಗಾದ್ರೆ ಮೂವರದ್ದು ತಗೊಳ್ಳಿ. ಹೆಲ್ಮೆಟ್ಟು, ಜಾಕೆಟ್ಟು, ಬೂಟು ಎಲ್ಲಾ ಒಳಗೇ ಇಡ್ಬೇಕಲ್ಲ."

ಮೂವರ ಟೆಂಟು ಮೂಲೆಯಲ್ಲಿತ್ತು. ಮಡಿಸಿದರೆ ಒಂದೂವರೆ ಅಡಿ, ತೂಕ ಮೂರು ಕೆಜಿಯ ಆಸುಪಾಸು, ಕಂಬಿಗಳು ಅಲ್ಯೂಮಿನಿಯಂ. ಬೂಟು ಬಿಡಲು ಬಾಗಿಲ ಮುಂದೆ ಪುಟ್ಟ ಜಗಲಿಯಷ್ಟು ನೆರಳು. ಬೆಲೆ ಮಾತ್ರ ಅರ್ಧಕ್ಕರ್ಧ ಇಳಿದಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಸೇಲ್ಸ್‌ಮನ್, "ಕಲರ್ ಸಾರ್. ಹೋದ ವರ್ಷದ್ದು. ಯಾರಿಗೂ ಇಷ್ಟ ಆಗ್ಲಿಲ್ಲ," ಅಂದ. ಒದ್ದೆ ಗೋಣಿಚೀಲದ ಬಣ್ಣ. ಬಣ್ಣ ನೋಡಿ ಬಟ್ಟೆಗೆ ಬೆಲೆ ಕಟ್ಟುವವರ ಮೇಲೆ ಟೈಲರಿಗೆ ಮೊದಲಿನಿಂದಲೂ ಕನಿಕರ. ಅಳೆದು ತೂಗಿ, ಅದನ್ನೇ ಕಟ್ಟಿಸಿದ.

"ಹೊಲಿಗೆ ಮೇಲೆಲ್ಲ ಒಳಗಡೆಯಿಂದ ಪಟ್ಟಿ ಅಂಟಿಸಿದೆ ಸಾರ್," ಅಂದ ಸೇಲ್ಸ್‌ಮನ್ ಹಣ ತೆಗೆದುಕೊಳ್ಳುತ್ತಾ. "ಒಂದು ಹನಿ ನೀರು ಬರಲ್ಲ."

ಅಲ್ಲಿಗೆ ಮುಗಿದಿದ್ದರೆ ಕತೆಯೂ ಮುಗಿಯುತ್ತಿತ್ತು. ಇಷ್ಟು ಬೆಲೆಗೆ ಇಷ್ಟು ಒಳ್ಳೆಯ ಟೆಂಟನ್ನು ಅವನಿಗಿಂತ ಚೆನ್ನಾಗಿ ಯಾರೂ ಆರಿಸುತ್ತಿರಲಿಲ್ಲ, ಆ ಮಾತು ಒಪ್ಪಬೇಕು. ಆದರೆ ಅಂಗಡಿಗೆ ಬಂದವನು ಟೆಂಟಿನ ಮೇಲುಹೊದಿಕೆಯನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ಒಳಮಗ್ಗುಲು ತಿರುವಿ ನೋಡಿದ. ಅಭ್ಯಾಸಬಲ. ಯಾರದೇ ಮನೆಗೆ ಹೋದರೂ ಅವನ ಕಣ್ಣು ಮೊದಲು ಕರ್ಟನ್ನಿನ ಅಂಚಿಗೇ ಹೋಗುವುದು. ಟೆಂಟಿನ ಹೊಲಿಗೆ ನೋಡಿ ಅವನಿಗೆ ಮೈ ಉರಿಯಿತು. ಅಂಗುಲಕ್ಕೆ ಆರೇ ಹೊಲಿಗೆ. ಅದರ ಮೇಲೆ, ಗಾಯಕ್ಕೆ ಹಾಕಿದ ಹಾಗೆ, ಹೊಳೆಯುವ ಪ್ಲಾಸ್ಟಿಕ್ ಪಟ್ಟಿ. ಇಪ್ಪತ್ತಾರು ವರ್ಷ ಕತ್ತರಿ ಹಿಡಿದವನಿಗೆ ಇದೆಲ್ಲ ಗೊತ್ತಿಲ್ಲವೇ? ಕೋಟಿನೊಳಗೆ ಹುಳುಕು ಇರುವ ಕಡೆಯೇ ಲೈನಿಂಗ್ ದಪ್ಪ ಹಾಕುತ್ತಾರೆ. ಮುಚ್ಚಿದ್ದಾರೆ ಅಂದಮೇಲೆ ಏನೋ ಇದೆ.

ಅವನು ಮಿಷನ್ನಿಗೆ ಗಟ್ಟಿ ನೂಲು ಹಾಕಿ, ಹೊಲಿಗೆಯ ಮುಳ್ಳನ್ನು ಅಂಗುಲಕ್ಕೆ ಹನ್ನೆರಡಕ್ಕೆ ತಿರುಗಿಸಿ, ಆ ಪಟ್ಟಿಯ ಮೇಲೆಯೇ ಇನ್ನೊಂದು ಸಾಲು ಹೊಲಿಯಲು ಕೂತ. ಟೆಂಟಿನ ಚೀಲದಲ್ಲಿ ಮಡಿಸಿದ ಕಾಗದವೊಂದು ಸಿಕ್ಕಿತು, ಅದರ ಖಾಲಿ ಬೆನ್ನಿಗೆ ಪ್ರತಿ ಅಂಚಿನ ಅಳತೆ ಬರೆದುಕೊಂಡ. ಒಟ್ಟು ನಲವತ್ತು ಅಡಿ. ಮೂರು ದಿನ ಬೇರೆ ಯಾರ ಬಟ್ಟೆಯನ್ನೂ ಮುಟ್ಟಲಿಲ್ಲ. ಬಂದವರಿಗೆ "ನಾಳೆ ಬನ್ನಿ" ಎಂದು ಕೂಡ ಹೇಳಲಿಲ್ಲ, "ಮುಂದಿನ ವಾರ" ಅಂದ. ಬೀದಿಯಲ್ಲಿ ಅವನಿಗೆ ಹುಷಾರಿಲ್ಲವೆಂದು ಸುದ್ದಿ ಹಬ್ಬಿತು.

ಬುಧವಾರ ಸಂಜೆ ಅವಳು ಕೆಲಸ ಮುಗಿಸಿ ಅಂಗಡಿಗೇ ಬಂದಳು. ಅವನು ಟೆಂಟು ಮಡಿಸಿ ಮೇಜಿನ ಮೇಲೆ ಇಟ್ಟಿದ್ದ.

"ಆಯ್ತೇನ್ರೀ?" ಅಂದಳು. ಎಷ್ಟೋ ದಿನದ ಮೇಲೆ ಆ ಮಾತು ಕೇಳಿ ಅವನು ಟೆಂಟನ್ನು ಅವಳ ಕಡೆಗೆ ಸರಿಸಿದ.

"ಆಯ್ತು. ಎಳೆದು ನೋಡು. ಎರಡು ಕೈಯಲ್ಲೂ ಎಳಿ. ಆನೆ ಎಳೆದ್ರೂ ಬಿಡಲ್ಲ."

ಅವಳು ಎಳೆದು ನೋಡಿದಳು. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದಳು. ಅಳತೆ ಬರೆದ ಕಾಗದವನ್ನು ಕೈಗೆತ್ತಿಕೊಂಡು ಈ ಕಡೆ ನೋಡಿದಳು, ತಿರುಗಿಸಿ ಆ ಕಡೆ ನೋಡಿದಳು. ಆ ಕಡೆಯೇ ಸ್ವಲ್ಪ ಹೆಚ್ಚು ಹೊತ್ತು ನೋಡಿ, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡಳು.

"ಚೆನ್ನಾಗಿದೆ," ಅಂದಳು. "ಹೇಳಿದ ದಿನಕ್ಕೆ ಮುಗಿಸಿದ್ದೀರ."

ಗುರುವಾರ ಬೆಳಿಗ್ಗೆ ಹೊರಟರು. ಟೆಂಟು ಕ್ಯಾರಿಯರ್ ಮೇಲೆ ಅಡ್ಡವಾಗಿ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅದರ ಮುಂದೆ ಅವನು, ಅವನ ಮುಂದೆ ಅವಳು. ತನ್ನ ಚೀಲದಲ್ಲಿ ಅವನು ಹೆಂಡತಿಗೆ ಹೇಳದೆ ಒಂದು ವಸ್ತು ತುರುಕಿದ್ದ: ಮೊಳೆಯಿಂದ ಇಳಿಸಿದ ರೇನ್‌ಕೋಟು. ಜೊತೆಗೆ ಸೂಜಿ ನೂಲಿನ ಡಬ್ಬಿ, ನೂಲಿಗೆ ತಿಕ್ಕುವ ಮೇಣದ ಉಂಡೆ. ಪುರುಸೊತ್ತಾದಾಗ ಹೊಲಿದು ಅವಳನ್ನು ಬೆರಗುಗೊಳಿಸುವ ಯೋಚನೆ. ಪುರುಸೊತ್ತು ಎಂಬುದು ಅವನ ಬದುಕಿನಲ್ಲಿ ಯಾವಾಗಲೂ ಮುಂದಿನ ತಿರುವಿನಲ್ಲೇ ಇರುತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಕೆರೆಯ ದಂಡೆಯಲ್ಲಿ ಬೈಕು ನಿಲ್ಲಿಸಿದರು. ಟೆಂಟು ಹದಿನೈದು ನಿಮಿಷದಲ್ಲಿ ಎದ್ದು ನಿಂತಿತು. ಒಳಗೆ ಬರೀ ಸೊಳ್ಳೆಪರದೆಯಂಥ ಜಾಲರಿ, ಅದರ ಮೇಲೆ ಅವನು ಹೊಲಿದ ಹೊದಿಕೆ. ಇಬ್ಬರೂ ಮಲಗಿ ನೋಡಿದರು. ಎರಡು ಹೆಲ್ಮೆಟ್ಟಿಗೂ ಜಾಗ ಇತ್ತು, ಯಾರ ಮೊಣಕೈಯೂ ಯಾರಿಗೂ ಚುಚ್ಚಲಿಲ್ಲ. "ಭಲೇ," ಅಂದಳು ಅವಳು. ಆ ಒಂದು ಮಾತಿಗೆ ಅವನು ಅಂಗೈಯಗಲ ಉಬ್ಬಿದ.

ನಾಲ್ಕು ಗಂಟೆಗೆ ಮಳೆ ಬಂತು. ಮೊದಲ ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವನ ಹಣೆಯ ಮೇಲೆ ಒಂದು ಹನಿ ಬಿತ್ತು. ಇನ್ನೊಂದು ಮೂಗಿನ ಮೇಲೆ, ಮತ್ತೊಂದು ಗಲ್ಲದ ಮೇಲೆ. ತಲೆ ಎತ್ತಿ ನೋಡಿದರೆ ಚಾವಣಿಯ ಉದ್ದಕ್ಕೂ, ಅವನ ಹೊಲಿಗೆ ಹೋದ ದಾರಿಯಲ್ಲೇ, ಸೂಜಿ ಇಳಿದ ತೂತು ತೂತಿನಲ್ಲೂ ನೀರು ಮಣಿ ಕಟ್ಟಿತ್ತು. ಅಂಗುಲಕ್ಕೆ ಹನ್ನೆರಡರಂತೆ ನಲವತ್ತು ಅಡಿ. ಐದು ಸಾವಿರದ ಏಳುನೂರ ಅರವತ್ತು ತೂತು. ಆ ಪಟ್ಟಿ ಹುಳುಕು ಮುಚ್ಚಲು ಅಂಟಿಸಿದ್ದಲ್ಲ, ನೀರು ತಡೆಯಲು ಅಂಟಿಸಿದ್ದು ಎಂದು ಅವನಿಗೆ ಅರ್ಥವಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ಹೆಂಡತಿ ಮಲಗಿದಲ್ಲಿಂದಲೇ ಮೇಲೆ ನೋಡಿದಳು.

"ಸಾಲು ಮಾತ್ರ ನೇರವಾಗಿದೆ," ಅಂದಳು.

ಅವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಯಿತು, ಹಿಂದಿನ ಸೀಟು ಹೋಯಿತು. ಮುಂದಿನ ವರ್ಷ ಈ ಹೊತ್ತಿಗೆ ಅವಳು ಗ್ಯಾಂಗಿನವರ ಸೋರದ ಟೆಂಟಿನಲ್ಲಿ, ತಾನು ಮನೆಯಲ್ಲಿ. "ತಪ್ಪಾಯ್ತು ಕಣೇ," ಅಂದ. "ಗಟ್ಟಿ ಆಗ್ಲಿ ಅಂತ ಹೊಲಿದೆ. ಒಂದು ಚೊಂಬು ನೀರು ಸುರಿದು ನೋಡೋಣ ಅಂತ ತಲೆಗೇ ಬರ್ಲಿಲ್ಲ. ಪ್ಯಾಂಟಿಗೆ ಯಾರೂ ನೀರು ಸುರಿದು ನೋಡಲ್ವಲ್ಲ."

ಅವಳು ಎದ್ದು ಹೊರಗೆ ಹೋದಳು. ಬೈಕಿನ ಪಕ್ಕದ ಪೆಟ್ಟಿಗೆ ತೆರೆದ ಸದ್ದಾಯಿತು. ಗಂಟುಮೂಟೆ ಕಟ್ಟಿ ಹೊರಟೇಬಿಡುತ್ತಾಳೆ ಅಂದುಕೊಂಡ. ಸ್ವಲ್ಪ ಹೊತ್ತಿಗೆ ಟೆಂಟಿನೊಳಗೆ ಒಮ್ಮೆಗೇ ಮಬ್ಬಾಯಿತು, ಹನಿ ಕಡಿಮೆಯಾಗುತ್ತಾ ನಿಂತಿತು. ತಲೆ ಹೊರಹಾಕಿ ನೋಡಿದ. ಪಾರ್ಸೆಲ್ ಗಾಡಿಗೆ ಮುಚ್ಚುವ ನೀಲಿ ತಾರ್ಪಾಲನ್ನು ಅವಳು ಬೈಕಿನ ಹ್ಯಾಂಡಲ್ಲಿಗೂ ಮರಕ್ಕೂ ಬಿಗಿದು, ಟೆಂಟಿನ ಮೇಲೆ ಎಳೆದಿದ್ದಳು.

"ಇದು ಯಾವಾಗ ತಂದೆ?"

"ನಿನ್ನೆ. ನಿಮ್ಮ ಅಂಗಡಿಯಿಂದ ಮತ್ತೆ ಡಿಪೋಗೆ ಹೋಗಿ." ಒಳಗೆ ಬಂದು ತಲೆ ಒರೆಸಿಕೊಳ್ಳುತ್ತಾ ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವನ ಕೈಗಿಟ್ಟಳು. ಒಂದು ಕಡೆ ಅವನ ಅಳತೆಗಳು. ಇನ್ನೊಂದು ಕಡೆ ಟೆಂಟಿನ ಚಿತ್ರ, ಅದರ ಕೆಳಗೆ ಒಂದು ಸೂಜಿ. ಸೂಜಿಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಅಡ್ಡಗೆರೆ ಎಳೆದಿದ್ದರು. ಓದು ಬಾರದವನಿಗೂ ತಿಳಿಯುವಂತಿತ್ತು.

"ಗೊತ್ತಿತ್ತಾ ನಿನಗೆ? ಮತ್ತೆ ಯಾಕೆ ಹೇಳ್ಲಿಲ್ಲ?"

"ಇಪ್ಪತ್ತೆರಡು ವರ್ಷದಲ್ಲಿ ನನಗೋಸ್ಕರ ಹೇಳಿದ ದಿನಕ್ಕೆ ಮುಗಿಸಿಕೊಟ್ಟ ಮೊದಲನೇ ಹೊಲಿಗೆ," ಅಂದಳು. "ಅದು ಸೋರುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವನು ಆ ಸೂಜಿಯ ಚಿತ್ರ ನೋಡಿದ. ಕಣ್ಣು ಮಂಜಾಯಿತು. ಅದು ಚಾವಣಿಯ ನೀರಲ್ಲ. ಆಮೇಲೆ ಚೀಲಕ್ಕೆ ಕೈಹಾಕಿ ರೇನ್‌ಕೋಟು ತೆಗೆದ. ಅದನ್ನು ಕಂಡು ಅವಳ ಹುಬ್ಬು ಮೇಲೇರಿತು. ಎರಡು ವರ್ಷ ಮೊಳೆಯ ಮೇಲೆ ಇದ್ದು ಇದ್ದು ಅದರ ಬೆನ್ನಿಗೆ ಒಂದು ಗೂನು ಬಂದಿತ್ತು.

"ಮುಂದಿನ ವರ್ಷ ಗ್ಯಾಂಗ್ ಜೊತೆ ಹೋಗ್ತೀಯಾ?" ಎಂದು ಕೇಳಿದ, ಸೂಜಿಗೆ ನೂಲು ಪೋಣಿಸುತ್ತಾ.

ಅವಳು ರೇನ್‌ಕೋಟಿನ ಹರಿದ ಹೆಗಲನ್ನು ಬೆರಳಲ್ಲಿ ಎತ್ತಿ ನೋಡಿದಳು.

"ಇದು ಯಾವತ್ತು ಆಗುತ್ತೆ?"

ಅವನ ನಾಲಿಗೆ ರೂಢಿಯಂತೆ 'ನಾಳೆ' ಅನ್ನಲು ಮೇಲಕ್ಕೆದ್ದು ಹಲ್ಲಿನ ಹಿಂದಕ್ಕೆ ತಾಗಿತು. ಅದನ್ನು ಅಲ್ಲೇ ತಡೆದು, ನೂಲಿಗೆ ಮೇಣ ತಿಕ್ಕಿದ.

"ಇವತ್ತು," ಅಂದ.

ಅವಳು ಬೂಟು ಬಿಚ್ಚಿ ಬದಿಗಿಟ್ಟು, ಕಾಲು ಚಾಚಿ, ಹೆಲ್ಮೆಟ್ಟನ್ನು ತಲೆದಿಂಬು ಮಾಡಿಕೊಂಡಳು.

"ಮುಂದಿನ ವರ್ಷ ಟೆಂಟಿಗೆ ಏನಾದ್ರೂ ಬೇಕಾದ್ರೆ ನಾನು ಮಾಡ್ತೀನಿ," ಅಂದಳು. "ನೀವು ಹಿಂದೆ ಕೂತ್ಕೊಳ್ಳಿ, ಸಾಕು."