ಒಳ ಅಳತೆ

ಒಂದು ಕಾಲು ಸ್ಟೂಲಿನ ಮೇಲೆ, ಇನ್ನೊಂದು ಕಾಲು ಕಿಟಕಿಯ ಅಂಚಿನ ಮೇಲೆ. ಹೀಗೆ ನಿಂತು ನಯನ ಬೆಳಿಗ್ಗೆಯಿಂದ ಹತ್ತೊಂಬತ್ತು ಕಿಟಕಿ ಅಳೆದಿದ್ದಳು. ಏಪ್ರಿಲ್ ತಿಂಗಳು. ಮಹಡಿಗೆ ಇನ್ನೂ ಫ್ಯಾನು ಹಾಕಿರಲಿಲ್ಲ. ಹೊಸ ಪೇಂಟಿನ ವಾಸನೆಗೆ ತಲೆ ಸುತ್ತುತ್ತಿತ್ತು. ಸ್ಟೀಲ್ ಟೇಪಿನ ಅಂಚು ತಾಗಿ ಹೆಬ್ಬೆರಳು ಎರಡು ಕಡೆ ಕುಯ್ದುಹೋಗಿತ್ತು. ಬೆವರು ಇಳಿದಾಗಲೆಲ್ಲ ಅದು ಚುರುಗುಟ್ಟುತ್ತಿತ್ತು.

ಶೆಟ್ಟಿಕೆರೆ ದಾಟಿ ಸ್ವಲ್ಪ ದೂರದಲ್ಲಿ, ತೆಂಗಿನ ತೋಟದ ನಡುವೆ ಎದ್ದ ಮನೆ ಅದು. ಕೊಬ್ಬರಿ ವ್ಯಾಪಾರದ ಜ್ಞಾನೇಶ್ ಕಟ್ಟಿಸಿದ್ದು. ಗೃಹಪ್ರವೇಶಕ್ಕೆ ಹನ್ನೆರಡು ದಿನ ಉಳಿದಿತ್ತು. ಕಿಟಕಿಗೆ ಬಟ್ಟೆಯ ಪರದೆ ಬೇಡ, ಸುತ್ತಿಕೊಂಡು ಮೇಲೇರುವ ಬ್ಲೈಂಡ್ಸೇ ಬೇಕು ಎಂದು ತಿಪಟೂರಿನ ಶ್ರೀರಂಗಯ್ಯನ ಅಂಗಡಿಗೆ ಹೇಳಿದ್ದ. ಆ ಅಂಗಡಿಯಲ್ಲಿ ಅಳತೆ ತೆಗೆಯುವವಳು ನಯನ.

ಆರು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದು ಇಲ್ಲಿಗೆ ಬಂದವಳು. ಬಂದು ಮೂರು ವರ್ಷವಾಗಿತ್ತು. ಅಳತೆ ತಪ್ಪಿತು ಎಂದು ಇದುವರೆಗೆ ಒಂದು ಬ್ಲೈಂಡೂ ವಾಪಸು ಬಂದಿರಲಿಲ್ಲ. ಹಗಲು ಹೊತ್ತು ಮನೆಗಳಲ್ಲಿ ಹೆಂಗಸರಷ್ಟೇ ಇರುತ್ತಾರೆ. ಮಲಗುವ ಕೋಣೆಗೆ ಗಂಡಸು ಬರುವುದಕ್ಕಿಂತ ಹೆಂಗಸು ಬಂದರೆ ಅವರಿಗೂ ಸಲೀಸು. "ನಮ್ಮಲ್ಲಿ ಲೇಡೀಸ್ನೇ ಕಳಿಸ್ತೀವಿ ಕಣ್ರೀ" ಎಂದು ಶ್ರೀರಂಗಯ್ಯ ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದ.

ಚೌಕಟ್ಟಿನ ಒಳಗೆ ಕೂರುವ ಬ್ಲೈಂಡಿಗೆ ಒಳ ಅಳತೆ ಬೇಕು. ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಕಡೆ ಟೇಪು ಹಿಡಿಯಬೇಕು. ಕಣ್ಣಿಗೆ ನೇರ ಕಾಣುವ ಗೋಡೆ ಟೇಪಿಗೆ ನೇರ ಇರುವುದಿಲ್ಲ. ಮೂರರಲ್ಲಿ ಯಾವುದು ಕಡಿಮೆಯೋ ಅದನ್ನು ಬರೆದುಕೊಳ್ಳಬೇಕು. ಕಾಲಿಂಚು ಹೆಚ್ಚಾದರೂ ಬ್ಲೈಂಡು ಒಳಗೆ ಹೋಗುವುದಿಲ್ಲ. ನಯನ ಮೂರು ಕಡೆ ಹಿಡಿದು, ಅನುಮಾನವಾದರೆ ನಾಲ್ಕನೇ ಸಲವೂ ಹಿಡಿಯುತ್ತಿದ್ದಳು.

ಬೆಳಿಗ್ಗೆ ಬಂದಾಗ ಜ್ಞಾನೇಶ್ ಗೇಟಿನವರೆಗೆ ಬಂದು "ಬನ್ನಿ ಮೇಡಂ, ಮೇಲಿಂದ ಶುರು ಮಾಡಿ" ಎಂದಿದ್ದ. ಅವನ ತಾಯಿ ಗುರುಶಾಂತಮ್ಮ ಲೋಟದ ತುಂಬ ಮಜ್ಜಿಗೆ ಕೊಟ್ಟು, "ಬಿಸ್ಲಲ್ಲಿ ಬಂದಿದೀಯ, ಕುಡಿಯವ್ವ" ಎಂದಿದ್ದರು.

ಮಧ್ಯಾಹ್ನ ಎರಡರ ಹೊತ್ತಿಗೆ ನಯನ ಮಹಡಿ, ಕೆಳಗಿನ ಹಾಲು ಎಲ್ಲ ಮುಗಿಸಿ ಹೊರಗೆ ಬಂದಳು. ಮುಂಬಾಗಿಲ ಮೆಟ್ಟಿಲಿಗೆ ಗಾರೆ ಮೆತ್ತುತ್ತಿದ್ದ ಮುದುಕ ತಲೆಯೆತ್ತಿ ನೋಡಿದ. ಮುಖ ಅರಳಿತು.

"ನೀನು ಬೋರಮ್ಮನ ಮಗ್ಳಲ್ವೇನವ್ವ? ನಾನು ಹನುಮಂತಯ್ಯ ಕಣವ್ವ. ನಿಮ್ಮಪ್ಪನ ಜೊತೆ ಗಾರೆ ಕೆಲ್ಸ ಮಾಡ್ದೋನು."

"ಗೊತ್ತಾಯ್ತು ದೊಡ್ಡಪ್ಪ. ಚೆನ್ನಾಗಿದೀಯ?"

ಹನುಮಂತಯ್ಯ ಬಾಗಿಲಲ್ಲಿ ನಿಂತಿದ್ದ ಗುರುಶಾಂತಮ್ಮನ ಕಡೆ ತಿರುಗಿದ. "ನೋಡಿ ಅಮ್ಮಾರೆ, ನಮ್ ಕಂದಿಕೆರೆ ಕಾಲೋನಿ ಹುಡ್ಗಿ. ಎಂಥಾ ಕೆಲ್ಸ ಕಲ್ತವ್ಳೆ."

ಗುರುಶಾಂತಮ್ಮ ತಟಕ್ಕನೆ ಒಳಗೆ ಹೋದರು.

ಉಳಿದಿದ್ದು ಮೂರು ಕಿಟಕಿ. ಅಡುಗೆಮನೆಯಲ್ಲಿ ಎರಡು, ದೇವರ ಮನೆಯಲ್ಲಿ ಒಂದು. ನಯನ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದಾಗ ಗುರುಶಾಂತಮ್ಮ ಅಡ್ಡ ನಿಂತಿದ್ದರು.

"ಅಲ್ಲೇ ನಿಂತ್ಕೊಳವ್ವ."

"ಒಳಗಡೆ ಮೂರು ಕಿಟಕಿ ಉಳಿದಿದೆ ಅಮ್ಮ."

"ಸೋಮವಾರ ದೇವರ ಪೀಠ ಕೂರ್ಸಿ ಪೂಜೆ ಮಾಡ್ಸಿದೀವಿ. ಈಗ ಯಾರೂ ಒಳಗೆ ಬರಂಗಿಲ್ಲ."

ದೇವರ ಮನೆಯ ಬಾಗಿಲಿಗೆ ಒಬ್ಬ ಬಡಗಿ ಪಾಲಿಶ್ ಉಜ್ಜುತ್ತಿದ್ದ. ನಯನ ಅವನ ಕಡೆ ನೋಡಿದಳು. ಅವಳು ನೋಡಿದ್ದನ್ನು ಗುರುಶಾಂತಮ್ಮನೂ ನೋಡಿದರು.

"ಅವ್ನು ನಮ್ಮೋನೇ" ಎಂದರು.

ಅಷ್ಟರಲ್ಲಿ ಜ್ಞಾನೇಶ್ ಬಂದ. ತಾಯಿ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಬಿಎಸ್ಸಿ ಓದಿದವನು. ಮುಖ ಸಣ್ಣದು ಮಾಡಿಕೊಂಡು ನಯನಳ ಹತ್ತಿರ ಬಂದ.

"ಅಮ್ಮ ಹಳೇ ಕಾಲದವ್ರು, ತಪ್ಪು ತಿಳ್ಕೋಬೇಡ. ಟೇಪ್ ಕೊಡು. ನಾನೇ ಹಿಡಿದು ಹೇಳ್ತೀನಿ, ನೀನು ಬರ್ಕೊ."

ಬೆಳಗಿನ 'ಬನ್ನಿ ಮೇಡಂ' ಮಧ್ಯಾಹ್ನಕ್ಕೆ 'ಕೊಡು' ಆಗಿತ್ತು. ನಯನ ಟೇಪು ಚಾಚಿದಳು.

"ಕೆಳಗಿಡವ್ವ" ಎಂದರು ಗುರುಶಾಂತಮ್ಮ.

ಅವಳು ಹೊಸ್ತಿಲ ಈಚೆ ಇಟ್ಟಳು. ಜ್ಞಾನೇಶ್ ಬಗ್ಗಿ ಎತ್ತಿಕೊಂಡ.

"ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಹಿಡೀಬೇಕು ಸಾರ್."

"ಒಂದೇ ಕಿಟಕಿಗೆ ಮೂರು ಅಳತೆ ಇರುತ್ತಾ?"

"ಇರುತ್ತೆ ಸಾರ್. ಕಟ್ಟೆ ಹತ್ತಿ ಮೇಲ್ಗಡೆ ಹಿಡಿದ್ರೆ ಗೊತ್ತಾಗುತ್ತೆ."

"ಒಲೆ ಕಟ್ಟೆ ಹತ್ತೋದಾ?" ಎಂದರು ತಾಯಿ.

ಜ್ಞಾನೇಶ್ ಹತ್ತಲಿಲ್ಲ. ಕೈಗೆ ಎಟುಕಿದ ಕಡೆ, ಕೆಳಗಡೆ, ಒಂದೊಂದು ಸಲ ಟೇಪು ಹಿಡಿದ. "ಮೂವತ್ತೈದೂವರೆ. ಬರ್ಕೊ." ಮೂರು ಕಿಟಕಿಯೂ ಐದು ನಿಮಿಷದಲ್ಲಿ ಮುಗಿಯಿತು.

ಬರೆದುಕೊಳ್ಳುವುದಿಲ್ಲ ಎನ್ನಬಹುದಿತ್ತು. ನಯನ ಹೊಸ್ತಿಲ ಈಚೆ ನಿಂತು ಬರೆದುಕೊಂಡಳು. ಆಮೇಲೆ ಎಷ್ಟೋ ದಿನ ಆ ಗಳಿಗೆ ನೆನಪಾದಾಗ ಅವಳಿಗೆ ತನ್ನ ಕೈ ಮೇಲೆಯೇ ಸಿಟ್ಟು ಬರುತ್ತಿತ್ತು.

ಸಂಜೆ ಅಂಗಡಿಗೆ ಹೋದವಳೇ ಶ್ರೀರಂಗಯ್ಯನಿಗೆ ಹೇಳಿದಳು. "ಕೊನೇ ಮೂರು ನಾನು ಅಳೆದಿಲ್ಲ ಸಾರ್. ನನ್ನ ಒಳಗೆ ಬಿಡ್ಲಿಲ್ಲ. ಮಾಯಣ್ಣನ್ನ ಕಳ್ಸಿ ಇನ್ನೊಂದ್ಸಲ ಹಿಡಿಸಿ."

ಮಾಯಣ್ಣ ಬ್ಲೈಂಡ್ ಕೂರಿಸುವವನು. ಶ್ರೀರಂಗಯ್ಯ ಹಾಳೆ ನೋಡಿ, "ಮನೆಯೋರೇ ಅಳೆದವ್ರಲ್ಲ, ಬುಡು. ಇವತ್ತೇ ಆರ್ಡರ್ ಹೋಗ್ಬೇಕು" ಎಂದ.

ಗೃಹಪ್ರವೇಶಕ್ಕೆ ಎರಡು ದಿನ ಇದೆ ಎನ್ನುವಾಗ ಮಾಯಣ್ಣ ಬ್ಲೈಂಡ್ ಕೂರಿಸಲು ಹೋದ. ಹತ್ತೊಂಬತ್ತು ಬ್ಲೈಂಡು ಅಚ್ಚಿನಲ್ಲಿ ಎರೆದ ಹಾಗೆ ಕೂತವು. ಮೂರು ಒಳಗೇ ಹೋಗಲಿಲ್ಲ.

ಜ್ಞಾನೇಶನ ಫೋನು ಬಂತು. ಶ್ರೀರಂಗಯ್ಯ ಎದ್ದು ನಿಂತು ಮಾತಾಡಿದ. "ಹೌದು ಸಾರ್... ತಪ್ಪಾಗಿದೆ ಸಾರ್... ಹುಡ್ಗಿ ಸ್ವಲ್ಪ ಅಜಾಗ್ರತೆ ಮಾಡವ್ಳೆ ಸಾರ್..." ನಯನ ಎದುರಿಗೇ ನಿಂತಿದ್ದಳು.

ಫೋನಿಟ್ಟು ಅವಳ ಮುಂದೆ ಬಿಳಿ ಹಾಳೆ ತಳ್ಳಿದ. "ಅಳತೆ ತಗೊಳ್ಳುವಾಗ ನನ್ನಿಂದ ತಪ್ಪಾಯ್ತು, ಕ್ಷಮಿಸಿ ಅಂತ ಎರಡು ಸಾಲು ಬರ್ಕೊಡು. ಅವ್ರ ಭಾವನ ಕಲ್ಯಾಣ ಮಂಟಪದ ಕೆಲ್ಸ ನಮ್ಗೇ ಬರೋದಿತ್ತು. ಅದು ಕೈ ಬಿಟ್ಟೋಗುತ್ತೆ."

"ನಾನು ಅಳೆದಿಲ್ವಲ್ಲ ಸಾರ್. ಅವತ್ತೇ ಹೇಳಿದ್ದೆ."

"ಗೊತ್ತು ಕಣಮ್ಮ. ನಿಂಗೊತ್ತು, ನಂಗೊತ್ತು, ಅವ್ರಿಗೂ ಗೊತ್ತು. ಹಂಗಂತ 'ನಿಮ್ಮಮ್ಮ ನಮ್ ಹುಡ್ಗೀನ ಒಳಗೆ ಬಿಡ್ಲಿಲ್ಲ ಸಾರ್' ಅಂತ ನಾನು ಅವ್ರಿಗೆ ಹೇಳಕ್ಕಾಗುತ್ತಾ?"

"ಹೇಳಿ ಸಾರ್."

ಶ್ರೀರಂಗಯ್ಯ ನಕ್ಕುಬಿಟ್ಟ. ಅವಳು ನಗಲಿಲ್ಲ.

"ನಾನು ಬರ್ಕೊಟ್ರೆ ನಯನಂಗೆ ಅಳತೆ ಬರಲ್ಲ ಅಂತಾಗುತ್ತೆ. ನಂಗಿರೋದು ಅದೊಂದೇ ಸಾರ್. ನಾನು ಬರೆಯಲ್ಲ."

ಅವತ್ತು ಎರಡು ಬಸ್ಸು ಬದಲಾಯಿಸಿ ಊರು ಸೇರುವಷ್ಟರಲ್ಲಿ ಅವಳಿಗೆ ಜ್ವರ ಬಂದ ಹಾಗಾಗಿತ್ತು. ಅವ್ವ ಬೋರಮ್ಮ ಕೊಬ್ಬರಿ ಚಿಪ್ಪು ಬಿಡಿಸುವ ಕೆಲಸದಿಂದ ಬಂದು, ಸೀಳಿದ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟಳು.

"ಬರ್ಕೊಟ್ಬುಡು ಮಗ. ಎರಡು ಸಾಲಿಗೆ ಏನಾಗುತ್ತೆ? ನಿಮ್ಮಪ್ಪ ಎಷ್ಟು ಕಡೆ ಹೆಬ್ಬೆಟ್ಟು ಒತ್ತಿಲ್ಲ?"

"ಅಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ ಕಣವ್ವ. ನಂಗೆ ಬರುತ್ತೆ."

ಬೋರಮ್ಮ ಎದ್ದು ಒಲೆಯ ಹತ್ತಿರ ಹೋದಳು. ಮಗಳ ತಟ್ಟೆಗೆ ಮುದ್ದೆ ಇಟ್ಟಳು.

ಮಾರನೆ ದಿನ ನಯನ ಏಳಲಾಗದೆ ಮಲಗಿದಳು. ಅದರ ಮರುದಿನ, ಗೃಹಪ್ರವೇಶದ ಬೆಳಿಗ್ಗೆ, ಅಂಗಡಿಗೆ ಹೋದಳು. ಬಾಗಿಲಲ್ಲೇ ಮಾಯಣ್ಣ ಸಿಕ್ಕಿದ.

"ಒಳ್ಳೇದು ಮಾಡ್ದೆ ಬುಡಮ್ಮ. ಬಡವ್ರಿಗ್ಯಾಕೆ ಜಗಳ? ನಿನ್ನ ಕಾಗದ ನಿನ್ನೆ ನಾನೇ ಕೊಟ್ಬಂದೆ."

"ಯಾವ ಕಾಗದ?"

ಮಾಯಣ್ಣ ಗಾಬರಿಯಾಗಿ ಒಳಗೆ ನೋಡಿದ. ಶ್ರೀರಂಗಯ್ಯ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದವನು ತಿರುಗದೇ ಹೇಳಿದ. "ನಾನೇ ಬರ್ದು ನಿನ್ನ ಹೆಸ್ರಲ್ಲಿ ಸೈನ್ ಹಾಕ್ದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣಮ್ಮ. ಕೆಲ್ಸ ಉಳೀತು ನಿಂದು. ಇವತ್ತಿಂದ ಒಳಗೆ ಹೊಲಿಗೆ ಮಿಷಿನ್ ಹತ್ರ ಕೂತ್ಕೊ. ಮನೆಗಳಿಗೆ ಅಳತೆಗೆ ಬೇರೆಯೋರನ್ನ ನೋಡ್ತೀನಿ."

ಮೂರು ವರ್ಷದಲ್ಲಿ ತಾನು ಹತ್ತಿದ ಸ್ಟೂಲುಗಳು, ಹಿಡಿದ ಕಿಟಕಿಗಳು ಎಲ್ಲವೂ ಯಾರದೋ ಕೈಬರಹದ ಎರಡು ಸಾಲಿನ ಕೆಳಗೆ ಹೂತುಹೋದವು ಎನಿಸಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು.

"ಎಲ್ಲಿಗೆ?"

"ನಾನು ಬರೆದಿದ್ದು ಏನು ಅಂತ ಓದ್ಕೊಂಡು ಬರಕ್ಕೆ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಜ್ಞಾನೇಶನ ಮನೆ ಮುಂದೆ ಶಾಮಿಯಾನ, ಬಾಳೆಕಂಬ, ಸಾಲು ಕಾರು. ಒಳಗಿನ ಹಾಲಿನಲ್ಲಿ ನೆಂಟರ ಪಂಕ್ತಿ ನಡೆಯುತ್ತಿತ್ತು. ಅಡುಗೆಮನೆಯ ಕಿಟಕಿಗೆ ಹಳೆ ಸೀರೆ ಕಟ್ಟಿದ್ದರು. ರೇಷ್ಮೆ ಪಂಚೆಯ ಜ್ಞಾನೇಶ್ ಅವಳನ್ನು ಕಂಡು ಹತ್ತಿರ ಬಂದ.

"ಊಟಕ್ಕೆ ಬಂದ್ಯಾ? ಹಿಂದ್ಗಡೆ ಹೋಗಮ್ಮ. ಕೆಲ್ಸದವ್ರಿಗೆಲ್ಲ ಅಲ್ಲೇ ಎಲೆ ಹಾಕ್ಸಿದೀನಿ."

"ಊಟಕ್ಕಲ್ಲ ಸಾರ್. ನನ್ನ ಹೆಸ್ರಲ್ಲಿ ಒಂದು ಕಾಗದ ಬಂದಿದೆಯಂತೆ. ಅದನ್ನ ಕೊಡಿ."

"ಅದು ಮುಗೀತಲ್ಲ, ಬುಡು."

"ನಂಗೆ ಮುಗಿದಿಲ್ಲ."

ಇಬ್ಬರು ನೆಂಟರು ತಿರುಗಿ ನೋಡಿದರು. ಜ್ಞಾನೇಶ್ ಧ್ವನಿ ತಗ್ಗಿಸಿ, "ಹಿಂದ್ಗಡೆ ಬಾ, ಕೊಡ್ತೀನಿ" ಎಂದು ಮನೆ ಸುತ್ತಿಕೊಂಡು ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ತೆಂಗಿನ ಮಟ್ಟೆಯ ರಾಶಿಯ ಪಕ್ಕ, ನೆಲದ ಮೇಲೆ ಮನೆ ಕಟ್ಟಿದವರು ಸಾಲಾಗಿ ಊಟಕ್ಕೆ ಕೂತಿದ್ದರು. ಹನುಮಂತಯ್ಯ, ಪೇಂಟಿನವರು, ಇಟ್ಟಿಗೆ ಹೊತ್ತ ಹೆಂಗಸರು, ಎಲ್ಲ ಸೇರಿ ಹನ್ನೆರಡು ಜನ. ಎಲೆಯ ಮೇಲೆ ಅನ್ನ, ಹುಳಿ, ಪಾಯಸ.

ಜ್ಞಾನೇಶ್ ಹಿಂಬಾಗಿಲಿನಿಂದ ಹೋಗಿ ಕಾಗದ ತಂದುಕೊಟ್ಟ. ನಯನ ನಿಂತಲ್ಲೇ ಗಟ್ಟಿಯಾಗಿ ಓದಿದಳು.

"'ನನ್ನ ಅಜಾಗರೂಕತೆಯಿಂದ ಮೂರು ಕಿಟಕಿಗಳ ಅಳತೆ ತಪ್ಪಾಗಿದೆ. ದಯವಿಟ್ಟು ಕ್ಷಮಿಸಬೇಕು. ಇಂತಿ, ನಯನ.' ಇದು ನನ್ನಕ್ಷರ ಅಲ್ಲ. ಸೈನೂ ನಂದಲ್ಲ. ಆ ಮೂರು ಕಿಟಕಿ ಅಳೆದಿದ್ದು ಯಾರು ಸಾರ್?"

"ಶುಭದ ದಿನ ಗಲಾಟೆ ಮಾಡ್ಬೇಡ."

"ಗಲಾಟೆ ಇಲ್ಲ ಸಾರ್. ಯಾರು ಅಳೆದಿದ್ದು ಅಂತ ಕೇಳ್ತಿದೀನಿ."

ಜ್ಞಾನೇಶ್ ಪಂಚೆಯ ಅಂಚು ಸರಿಮಾಡಿಕೊಂಡ. ಪಂಕ್ತಿಯಲ್ಲಿ ಕೈಗಳು ನಿಂತಿದ್ದವು. ಹನುಮಂತಯ್ಯ ಕೂತಲ್ಲಿಂದಲೇ ಮಾತಾಡಿದ.

"ಆ ಕಿಟಕಿ ಕೂರ್ಸಿದೋನು ನಾನು ಸ್ವಾಮಿ. ಮೇಲ್ಗಡೆ ಅರ್ಧ ಇಂಚು ಬಿಗಿ ಅವೆ. ನನ್ನ ಕೈಯ ತಪ್ಪು, ಒಪ್ಕೋತೀನಿ. ಮೇಲೆ ಹತ್ತಿ ಟೇಪು ಹಿಡಿದಿದ್ರೆ ಈ ಹುಡ್ಗಿ ಅದನ್ನ ಕಂಡುಹಿಡಿಯೋಳು. ಅವ್ಳ್ಯಾಕೆ ಹತ್ಲಿಲ್ಲ?"

"ನಂಗೆ ಹೊಸ್ತಿಲು ದಾಟಕ್ಕೆ ಬಿಡ್ಲಿಲ್ಲ ದೊಡ್ಡಪ್ಪ" ಎಂದಳು ನಯನ.

ಮುದುಕ ತನ್ನ ಎಲೆಯನ್ನೇ ನೋಡುತ್ತ ಕೂತ. "ಕಾಲೋನಿ ಹುಡ್ಗಿ ಅಂತ ಅವತ್ತು ನಾನೇ ಬಾಯಿ ಬುಟ್ಟೆ. ಹೆಮ್ಮೆ ತಡೀನಾರ್ದೆ ಹೇಳ್ದೆ ಕಣವ್ವ."

ಬಲಗೈಯ ಅನ್ನವನ್ನು ಎಲೆಗೆ ಕೊಡವಿ, ಎಡಗೈ ನೆಲಕ್ಕೂರಿ ಅವನು ಎದ್ದು ನಿಂತ. ಪಾಯಸ ಇನ್ನೂ ಮುಟ್ಟಿರಲಿಲ್ಲ.

ಹಿಂಬಾಗಿಲಿಗೆ ಗುರುಶಾಂತಮ್ಮ ಬಂದಿದ್ದರು. ಅವರ ಮುಖ ಬಿಳುಚಿತು. "ಕೂತ್ಕೊ ಹನುಮಂತಯ್ಯ. ಗೃಹಪ್ರವೇಶದ ದಿನ ಎಲೆ ಬುಟ್ಟು ಏಳ್ಬಾರ್ದಪ್ಪ. ಮನೆಗೆ ಒಳ್ಳೇದಲ್ಲ."

"ಯಾರು ಅಳೆದಿದ್ದು ಅಂತ ನಿಮ್ ಮಗನ ಬಾಯಲ್ಲಿ ಒಂದು ಮಾತು ಹೇಳ್ಸಿ ಅಮ್ಮಾರೆ. ಕೂತ್ಕೊಂಡು ಉಣ್ತೀನಿ."

ಗುರುಶಾಂತಮ್ಮ ಮಗನ ಕಡೆ ನೋಡಿದರು. ಮಗ ಶಾಮಿಯಾನದ ಕಡೆ ನೋಡಿದ. ಮನೆಯ ಮೂಲೆಯಲ್ಲಿ ನಾಲ್ಕೈದು ನೆಂಟರು ಬಂದು ನಿಂತಿದ್ದರು.

ಇಟ್ಟಿಗೆ ಹೊತ್ತ ಹೆಂಗಸೊಬ್ಬಳು ಸೆರಗು ಕೊಡವಿ ಎದ್ದಳು. ಅವಳ ಪಕ್ಕದವಳು ಎದ್ದಳು. ಪೇಂಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಆಸೆಯಿಂದ ಪಾಯಸದ ಕಡೆ ನೋಡಿ, ಆಮೇಲೆ ಎದ್ದ. ಯಾರೂ ಕೂಗಲಿಲ್ಲ. ಹನ್ನೆರಡು ಜನರೂ ತೋಟದ ನಲ್ಲಿಯಲ್ಲಿ ಕೈ ತೊಳೆದುಕೊಂಡರು. ನಯನ ಆ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಎಲ್ಲರೂ ತೆಂಗಿನ ಸಾಲಿನ ನಡುವೆ ರಸ್ತೆಯ ಕಡೆ ನಡೆದರು.

"ಕೆಲ್ಸ ಹೋಯ್ತಲ್ಲವ್ವ" ಎಂದ ಹನುಮಂತಯ್ಯ.

"ಹೋಯ್ತು ದೊಡ್ಡಪ್ಪ."

"ನಮ್ದೂ ಹೋಯ್ತು ಬುಡು" ಎಂದ. ಹೆಂಗಸರಲ್ಲೊಬ್ಬಳು ನಕ್ಕಳು.

ಉಂಡ ಎಲೆಯನ್ನು ತಾವೇ ಎತ್ತಿ ಹಾಕಿ, ನೆಲಕ್ಕೆ ನೀರು ಹೊಡೆದು ಹೋಗುವುದು ಇಷ್ಟು ವರ್ಷ ಅವರ ರೂಢಿ. ಇವತ್ತು ಯಾರೂ ಎತ್ತಿರಲಿಲ್ಲ. ಗುರುಶಾಂತಮ್ಮ ಬಡಗಿಯನ್ನು ಕರೆದರು. ಅವನು ಕೇಳಿಸದವನಂತೆ ಒಳಗೆ ನೆಂಟರ ಪಂಕ್ತಿಗೆ ಹೋದ. ಬಡಿಸುವವರನ್ನು ಕರೆದರು. ಅವರು ಮುಟ್ಟುವುದಿಲ್ಲ ಎಂದರು. ಒಳಗೆ ಎರಡನೇ ಪಂಕ್ತಿ ಶುರುವಾಯಿತು, ಮೂರನೆಯದೂ ಮುಗಿಯಿತು. ಹಿತ್ತಲಿನಲ್ಲಿ ಹನ್ನೆರಡು ಎಲೆಗಳು ಬಿಸಿಲಿಗೆ ಸುರುಟುತ್ತ ಹಾಗೇ ಬಿದ್ದಿದ್ದವು. ತಾಯಿ, ಮಗ ಅದರ ಮುಂದೆ ನಿಂತಿದ್ದರು.