ಸಪ್ಪಳವಿಲ್ಲದ ಅಂಬಾಸಿಡರ್

ಗಾಡಿ ಎಂದರೆ ಸಪ್ಪಳ ಮಾಡಲೇಬೇಕು ಎಂದು ನಂಬಿದ್ದ ಮನುಷ್ಯ ಯಳವತ್ತಿಯ ಉಳವಪ್ಪ. ಲಕ್ಷ್ಮೇಶ್ವರದ ಪೇಟೆಯಲ್ಲಿ ಶೇಂಗಾ ವ್ಯಾಪಾರ ಮುಗಿಸಿ ಅವನ ಡೀಸೆಲ್ ಅಂಬಾಸಿಡರ್ ಸಂಜೆ ಊರ ಕಡೆ ಹೊರಳಿದರೆ ಹೊಲದ ನಾಯಿಗಳಿಗೆಲ್ಲ ಖಬರು ಮುಟ್ಟುತ್ತಿತ್ತು. ಅದು ಅಂಗಳಕ್ಕೆ ಬಂದು ನಿಲ್ಲುವಷ್ಟರಲ್ಲಿ ಹೆಂಡತಿ ಶಾರದವ್ವ ತಲಬಾಗಿಲು ತೆಗೆದು ನಿಂತಿರುತ್ತಿದ್ದಳು. ಅವನು ಹಾರ್ನ್ ಹೊಡೆದವನಲ್ಲ, ಚಿಲಕ ಬಡಿದವನಲ್ಲ. "ನಮ್ಮಾಕಿ ಕಿವಿ ನನ್ನ ಗಾಡಿ ಮ್ಯಾಲೇ ಇರತೈತಿ" ಎಂದು ಪೇಟೆಯಲ್ಲಿ ಹೇಳದ ದಿನವಿಲ್ಲ. ಕೇಳಿ ಕೇಳಿ ಅಲ್ಲಿನವರ ಕಿವಿಯೇ ತೂತು ಬಿದ್ದಿತ್ತು.

ಆ ಗಾಡಿಯ ಇಂಜಿನ್ನಿಗೆ ಹೊಸ ನಮೂನೆಯ ಸಿಂಥೆಟಿಕ್ ಎಣ್ಣೆ ಹಾಕಿಸುವ ಹುಚ್ಚು ಹತ್ತಿದ್ದು ಈ ಸಲದ ಶ್ರಾವಣ ಹತ್ತಿರ ಬಂದಾಗ. ಗಾಡಿ ಹೊಗೆ ಉಗುಳುತ್ತಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಮೆಕ್ಯಾನಿಕ್ ತೌಹೀದ ಮಾತ್ರ ಹಿಂದೆಮುಂದೆ ನೋಡಿದ.

"ಹಾಕೂಣ್ರಿ ಸಾವಕಾರ್ರ, ಬ್ಯಾಡ ಅನ್ನಂಗಿಲ್ಲ. ಆದ್ರ ಇಷ್ಟ ವರ್ಷದ ಮಡ್ಡಿ ಒಳಗ ಕುಂತಿರತೈತಿ. ಈ ಎಣ್ಣಿ ಅದನ್ನೆಲ್ಲಾ ತೊಳದ ಬಿಡತೈತಿ. ಮಡ್ಡಿ ಮುಚ್ಚಿದ್ದ ಸಂದಿ ಎಲ್ಲೆರ ಇದ್ರ ಸೋರಾಕ ಚಾಲೂ ಆಕ್ಕೈತಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

"ಸೋರಿದ್ರ ಸೋರಲಿ. ಹಾಕಪಾ ನೀ."

ತೌಹೀದ ಎಣ್ಣೆ ಬದಲಿಸಿದ. ಹೇಗೂ ಗಾಡಿ ಎತ್ತಿದ್ದೇನೆಂದು ಇಂಜಿನ್ನಿನ ನಡುಕ ತಡೆಯುವ, ಸವೆದುಹೋಗಿದ್ದ ರಬ್ಬರ್‌ಗಳನ್ನೂ ತೆಗೆದು ಹೊಸವು ಹಾಕಿದ.

ಅಂದು ಸಂಜೆ ಅರ್ಧ ಹಾದಿಯಲ್ಲಿ ಉಳವಪ್ಪನಿಗೆ ಇಂಜಿನ್ ಬಂದ್ ಬಿತ್ತೇನೋ ಎಂಬ ಅನುಮಾನ ಬಂತು. ಆದರೆ ಹೊಲಗಳು ಹಿಂದಕ್ಕೆ ಸರಿಯುತ್ತಲೇ ಇದ್ದವು. ಹೆಸರಿನ ಬೆಳೆಯ ಮೇಲೆ ಗಾಳಿ ಹಾಯುವುದು ಕೇಳಿಸಿತು. ಎಲ್ಲೋ ನವಿಲು ಕೂಗಿತು. ಇಷ್ಟು ವರ್ಷ ಓಡಾಡಿದ ಈ ದಾರಿಯಲ್ಲಿ ನವಿಲುಗಳಿವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮೋಡದ ಸಂದಿಯಿಂದ ಇಳಿದ ಬೆಳಕು ರಸ್ತೆಯ ಮೇಲೆ ತುಪ್ಪದ ಹಾಗೆ ಹರಡಿತ್ತು, ಗಾಡಿ ಅದರ ಮೇಲೆ ಜಾರುತ್ತಿತ್ತು. ತಾನೇ ಓಡಿಸುತ್ತಿದ್ದೇನೋ, ಯಾರಾದರೂ ತನ್ನನ್ನು ತೊಟ್ಟಿಲಲ್ಲಿ ತೂಗುತ್ತಿದ್ದಾರೋ ಅನ್ನಿಸಿ ನಗು ಬಂತು. ಊರು ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎಂದುಕೊಂಡ.

ಅಂಗಳದಲ್ಲಿ ಗಾಡಿ ನಿಂತಿತು. ಬಾಗಿಲು ಮುಚ್ಚಿತ್ತು.

ಅವನು ಕಾದ, ಚಿಲಕ ಬಡಿದ, ಕೊನೆಗೆ ಹಿತ್ತಲಿನಿಂದ ಸುತ್ತಿಹೋದ. ಶಾರದವ್ವ ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡು ಬೆಚ್ಚಿ, "ಯಾವಾಗ ಬಂದ್ರಿ?" ಎಂದಳು.

ಗಾಡಿ ಅಷ್ಟು ಮೆತ್ತಗಾಗಿದೆಯಲ್ಲ ಎಂದು ಅವನು ಆ ದಿನ ಹಿಗ್ಗಿದ್ದೂ ಉಂಟು. ಮರುದಿನವೂ ಬಾಗಿಲು ಮುಚ್ಚಿತ್ತು. ಅದರ ಮರುದಿನ ನಾಚಿಕೆ ಬಿಟ್ಟು ಹಾರ್ನ್ ಹೊಡೆದ. ಎದುರುಮನೆಯ ಚನ್ನಮ್ಮ ಹೊರಗೆ ಬಂದಳು, ಶಾರದವ್ವ ಬರಲಿಲ್ಲ. ಹಾರ್ನ್ ಕೇಳಿಯೂ ಬಾರದವಳು ಸಿಟ್ಟಿನಲ್ಲೇ ಇರಬೇಕು ಎಂದುಕೊಂಡ. ಸಿಟ್ಟಿಗೆ ಕಾರಣವೂ ಇತ್ತು. ನಾಗರ ಪಂಚಮಿ ಹತ್ತಿರ ಬಂದಿತ್ತು.

ಶಾರದವ್ವನ ತವರು ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯದಿದ್ದರೆ ಈ ಸೀಮೆಯಲ್ಲಿ ಹಬ್ಬವೇ ಅಲ್ಲ. ಆದರೆ ಕೆಲವು ವರ್ಷಗಳ ಕೆಳಗೆ, ಅಣ್ಣ ಕೊಟ್ರಪ್ಪನ ಮಗನ ಮದುವೆಯಲ್ಲಿ, ಉಳವಪ್ಪ ಊಟದ ಪಂಕ್ತಿಯಿಂದ ಎದ್ದು ಬಂದಿದ್ದ. ಹೋಳಿಗೆ ತನಗಿಂತ ಮೊದಲು ಪಕ್ಕದ ಬೀಗರ ಎಲೆಗೆ ಬಿತ್ತು ಎಂಬುದಷ್ಟೇ ಸಿಟ್ಟು. ಅಷ್ಟಕ್ಕೇ ಎದ್ದೆ ಎನ್ನಲು ನಾಚಿಕೆಯಾಗಿ, "ನಿಮ್ಮಣ್ಣ ನನ್ನ ಪಂಕ್ತಿಯಿಂದ ಎಬ್ಬಿಸಿದ" ಎಂದು, ಹೆಂಗಸರ ಕಡೆ ಇದ್ದು ಏನೂ ಕಾಣದ ಹೆಂಡತಿಗೆ ಸುಳ್ಳು ಹೇಳಿದ. ಗಂಡನನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಮನೆಗೆ ಶಾರದವ್ವ ಮತ್ತೆ ಕಾಲಿಡಲಿಲ್ಲ. ಕೊಟ್ರಪ್ಪ ಪ್ರತಿ ಪಂಚಮಿಗೆ ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು, ಉಂಡಿಯ ಡಬ್ಬಿ ಇಟ್ಟು ಹೋಗುತ್ತಿದ್ದ. ತನ್ನ ತಪ್ಪೇನೆಂದು ಅವನಿಗೆ ಗೊತ್ತಿಲ್ಲ, ಅವಳು ಹೇಳುವವಳಲ್ಲ. ಉಂಡಿಯನ್ನೆಲ್ಲ ಓಣಿಗೆ ಹಂಚಿ ಬರಿ ಡಬ್ಬಿ ತೊಳೆದಿಡುತ್ತಿದ್ದಳು.

ಎರಡು ವರ್ಷದ ಹಿಂದೆ, ಇಬ್ಬರೂ ಮುಂಡರಗಿಯಿಂದ ಬರುವಾಗ, ಉಳವಪ್ಪನಿಗೆ ಆ ಸುಳ್ಳನ್ನು ಹೊರಲಾಗಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟು, ಇಂಜಿನ್ನಿನ ಗದ್ದಲದ ಮರೆಯಲ್ಲಿ, ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ಪಕ್ಕದಲ್ಲಿದ್ದ ಶಾರದವ್ವ "ಹೂಂ" ಅಂದಳು. ಆ ಒಂದು ಹೂಂ ಮೇಲೆ ಅವನು ಇಷ್ಟು ದಿನ ನೆಮ್ಮದಿಯಿಂದ ನಿದ್ದೆ ಮಾಡಿದ್ದ. ನನ್ನನ್ನು ಕ್ಷಮಿಸಿದ್ದಾಳೆ, ಆದರೂ ತವರಿಗೆ ಹೋಗದೆ ನನ್ನ ಮಾನ ಕಾಯ್ದಿದ್ದಾಳೆ ಎಂದು ಒಳಗೊಳಗೇ ಬೀಗಿದ್ದ. ಗಂಡಸರ ಲೆಕ್ಕವೇ ಹೀಗೆ, ಉತ್ತರ ಮೊದಲು ಬರೆದುಕೊಂಡು ಆಮೇಲೆ ಕೂಡಿಸುತ್ತಾರೆ. ಈಗ ಮುಚ್ಚಿದ ಬಾಗಿಲಿನ ಮುಂದೆ ನಿಂತು, ಆ ಕ್ಷಮೆ ಹಳಸಿತೇನೋ ಎಂದು ಅವನಿಗೆ ಹೆದರಿಕೆಯಾಯಿತು.

ಅಂದೂ ಹಿತ್ತಲಿನಿಂದ ಒಳಗೆ ಹೋದ. ಶಾರದವ್ವ ಬೆನ್ನು ಹಾಕಿ ಒಲೆಯ ಮುಂದೆ ಕೂತಿದ್ದಳು.

"ಶಾರದಾ, ಸಿಟ್ಟ ಇದ್ರ ಬೈದ ಬಿಡು."

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಇಡುವಾಗ ತೋಳು ತಾಗಿ ಹಲಗೆಯ ಮೇಲಿನ ಹಿತ್ತಾಳೆಯ ಕೊಡಪಾನ ಉರುಳಿ ಬಿತ್ತು. ಓಣಿಗೆಲ್ಲ ಕೇಳುವಂಥ ಸದ್ದು. ಶಾರದವ್ವ ತಿರುಗಲಿಲ್ಲ.

ಉಳವಪ್ಪ ಮೆಲ್ಲಗೆ ಸುತ್ತಿ ಅವಳೆದುರು ಕುಕ್ಕರಗಾಲಲ್ಲಿ ಕೂತ. ಅವಳು ತಲೆ ಎತ್ತಿದಳು. ಅವಳ ಕಣ್ಣುಗಳು ಅವನ ಕಣ್ಣಿಗೆ ಬರಲಿಲ್ಲ, ನೇರ ತುಟಿಗೆ ಬಂದು ನಿಂತವು.

"ನಿನಗ ಕೇಳಸಂಗಿಲ್ಲೇನು?"

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. "ಗೊತ್ತಾತಲ್ಲ. ಛಲೋ ಆತು ಬಿಡ್ರಿ. ಮೂರ ವರ್ಷಾತು, ಮದ್ಲ ಒಂದ ಕಿವಿ ಹೋತು, ಆಮ್ಯಾಲ ಇನ್ನೊಂದು."

"ಮತ್ತ ಬಾಗಲಾ ಹೆಂಗ ತಗೀತಿದ್ದಿ?"

ಅವಳು ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಂತ ಊಟದ ತಾಟುಗಳನ್ನು ತೋರಿಸಿದಳು. "ನಿಮ್ಮ ಗಾಡಿ ಅಂಗಳಕ್ಕ ಬಂದ್ರ ಅವು ನಡಗತಿದ್ವು. ಅವನ್ನ ನೋಡಿ ಎದ್ದ ಬರತಿದ್ದೆ. ಈಗ ಎಂಥಾ ಎಣ್ಣಿ ಹಾಕಿಸೀರೋ ಏನೋ, ಒಂದೂ ಅಳಗ್ಯಾಡವಲ್ವು."

"ನನ್ನ ಮುಂದ ಹೇಳಬಾರದಿತ್ತೇನು?"

"ಪ್ಯಾಟಿ ತುಂಬ ನನ್ನ ಕಿವಿ ಹೊಗಳಕೋತ ಅಡ್ಡ್ಯಾಡತಿದ್ರಿ. ಹೆಂಗ ಹೇಳಲಿ?"

ಉಳವಪ್ಪ ಉರುಳಿದ ಕೊಡಪಾನ ಎತ್ತಿಟ್ಟ. ಮಾತಾಡುವಾಗ ಅವಳು ಅವನ ಮುಖ ಬಿಟ್ಟು ಕಣ್ಣು ಕದಲಿಸುವುದಿಲ್ಲ ಎಂಬುದನ್ನೂ ಅವನು ಪ್ರೀತಿ ಎಂದೇ ತಿಳಿದಿದ್ದ. ಮಗ ವೀರುವಿಗಾದರೂ ಗೊತ್ತಾಗಬೇಕಿತ್ತು. ಅವನು ಮೊಬೈಲ್ ಬಿಟ್ಟು ಬೇರೆ ಯಾವ ಮುಖವನ್ನೂ ನೋಡಿದವನಲ್ಲ.

ಊಟಕ್ಕೆ ಕೂತಾಗ ಇನ್ನೊಂದು ವಿಷಯ ಹೊಳೆದು ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮುಂಡರಗಿಯ ದಾರಿಯಲ್ಲಿ ಆ ಗದ್ದಲದೊಳಗೆ, ರಸ್ತೆಯ ಕಡೆ ಮುಖ ಮಾಡಿ ತಾನು ಆಡಿದ ಮಾತು ಇವಳಿಗೆ ಕೇಳಿಯೇ ಇಲ್ಲ. ಗಂಡ ಏನೋ ಅನ್ನುತ್ತಿದ್ದಾನೆ ಎಂದು ಸುಮ್ಮನೆ ಹೂಂಗುಟ್ಟಿದ್ದಾಳೆ. ಇವಳ ಪಾಲಿಗೆ ಕೊಟ್ರಪ್ಪ ಇನ್ನೂ ಗಂಡನನ್ನು ಎಲೆಯಿಂದ ಎಬ್ಬಿಸಿದ ಅಣ್ಣನೇ. ಸುಮ್ಮನಿದ್ದುಬಿಟ್ಟರೆ ಕೇಳುವವರು ಯಾರೂ ಇಲ್ಲ. ಈ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಕೆಯಾಯಿತು.

ಬೆಳಿಗ್ಗೆ ಕಿವಿಯ ಡಾಕ್ಟರಿಗೆ ತೋರಿಸಲು ಇಬ್ಬರೂ ಗದಗಿಗೆ ಹೊರಟರು. ಉಳವಪ್ಪ ನೇರ ದಾರಿ ಬಿಟ್ಟು ಶಿರಹಟ್ಟಿಯ ಸುತ್ತು ದಾರಿ ಹಿಡಿದ. ಜಿನುಗು ಮಳೆ ಬಿದ್ದು ನಿಂತಿತ್ತು. ದೂರದ ಕಪ್ಪತಗುಡ್ಡ ಮಂಜಿನಲ್ಲಿ ಕರಗಿ, ಅದರ ಮೇಲಿನ ಗಾಳಿಯಂತ್ರಗಳು ಮಾತ್ರ ಆಕಾಶದಲ್ಲಿ ತಾವಾಗಿ ತಿರುಗುತ್ತಿದ್ದವು. ಗಾಡಿ ಸದ್ದಿಲ್ಲದೆ ತೇಲುತ್ತಿತ್ತು. ಶಾರದವ್ವನ ಲೋಕ ಹೀಗೇ ಇರಬೇಕು, ಎಲ್ಲ ಸರಿಯುತ್ತದೆ, ಯಾವುದೂ ಮಾತಾಡುವುದಿಲ್ಲ ಎಂದು ಅವನಿಗೆ ಅನ್ನಿಸಿತು.

ಶಿರಹಟ್ಟಿ ದಾಟಿ, ಮುಂಡರಗಿಯ ಕಡೆ ದಾರಿ ಒಡೆಯುವಲ್ಲಿ ಗಾಡಿ ನಿಲ್ಲಿಸಿದ. ಪೂರ್ತಿ ಹೊರಳಿ ಅವಳ ಎದುರಿಗೆ ಮುಖ ಹಿಡಿದ.

"ನಿಮ್ಮಣ್ಣ ನನ್ನ ಪಂಕ್ತಿಯಿಂದ ಎಬ್ಬಿಸಿಲ್ಲ. ನಾನ ಎದ್ದ ಬಂದೇನಿ. ನಿನ್ನ ಮುಂದ ಸುಳ್ಳ ಹೇಳೇನಿ."

ಅವಳು ತುಟಿಗಳನ್ನೇ ನೋಡಿದಳು. "ಇನ್ನೊಮ್ಮೆ ಅನ್ರಿ."

ಇನ್ನೊಮ್ಮೆ ಅಂದ. ಇದು ಮೊದಲಿಗಿಂತ ಕಠಿಣವಾಗಿತ್ತು.

"ಯಾಕ ಎದ್ರಿ?"

"ಹೋಳಿಗಿ ನನಗ ಮದ್ಲ ನೀಡಲಿಲ್ಲಂತ."

"ಹೋಳಿಗಿ?"

"ಹೂಂ. ಹೋಳಿಗಿ."

ಶಾರದವ್ವ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದಳು. ತಪ್ಪಾತು ಎಂದು ಅವನು ಅವಳ ಬೆನ್ನಿಗೆ ಹೇಳಿದ, ಮತ್ತೆ ಮತ್ತೆ ಹೇಳಿದ. ಅವಳು ತಾನಾಗಿ ತಿರುಗುವವರೆಗೆ ತನ್ನ ಒಂದು ಮಾತೂ ಅವಳನ್ನು ಮುಟ್ಟಲಾರದು ಎಂದು ತಿಳಿದು ಕಾಯುತ್ತ ಕೂತ.

"ಹ್ವಾದ ಪಂಚಮಿಗೆ ಬಿಸಲಾಗ ಬಂದ ಕಟ್ಟಿ ಮ್ಯಾಲೆ ಕುಂತಿದ್ದ" ಎಂದಳು, ಆ ಕಡೆಯೇ ನೋಡುತ್ತ. "ಒಡಹುಟ್ಟಿದ ಅಣ್ಣಗ ಒಂದ ತಂಬಿಗಿ ನೀರ ಸೈತ ಕೊಡಲಿಲ್ಲ ನಾ."

ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಗಾಡಿ ಕೊರ್ಲಹಳ್ಳಿಗೆ ತಿರಗಸ್ರಿ. ಕಿವಿ ಆಮ್ಯಾಲ ತೋರಸೂಣು. ನಮ್ಮಣ್ಣನ ಮುಂದ ಕುಂತ ಈ ಮಾತ ನೀವ ಹೇಳ್ರಿ. ನಾ ನಿಮ್ಮ ಬಾಯಿ ನೋಡಕೋತ ಕುಂಡ್ರತೀನಿ."